ಒಗರು ಗೊತ್ತಿದ್ದರೆ ಟ್ಯಾನಿನ್ ಗೊತ್ತು: ವೈನ್, ವಿಸ್ಕಿಯ ಪದಗಳನ್ನು ಕಲಿಯುವುದು ಹೇಗೆ?

ಮಳೆ ಹಿಡಿಯುವ ಮೊದಲು ಕೊಡಗಿನ ತೋಟಗಳಲ್ಲಿ ಬೋರ್ಡೋ ಎಂಬ ರೋಗನಾಶಕ ದ್ರಾವಣ ಹೊಡೆಯುವ ಗಡಿಬಿಡಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೆಣಸಿನ ಬಳ್ಳಿ ಇರುವ ಮನೆಯಲ್ಲಿ ಈ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಬೋರ್ಡೋ ಅನ್ನುವುದು ಫ್ರಾನ್ಸಿನ ಒಂದು ಊರಿನ ಹೆಸರು. ಹೆಸರಾಂತ ದ್ರಾಕ್ಷಿ ತೋಟಗಳ ಸೀಮೆ ಅದು. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿ ಬಳ್ಳಿಗೆ ಬೂಜು ತುಪ್ಪಟ ರೋಗ ಬಿದ್ದಾಗ, ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಈ ದ್ರಾವಣದ ಗುಣವನ್ನು ತೋರಿಸಿಕೊಟ್ಟರು. ವೈನ್ ಲೋಕದ ಅತಿ ದೊಡ್ಡ ಹೆಸರೊಂದು ನಮ್ಮ ಸ್ಪ್ರೇ ಡ್ರಮ್ಮಿನಲ್ಲಿ ಎಷ್ಟೋ ವರ್ಷದಿಂದ ಇದೆ.

ಇದನ್ನು ಹೇಳಲು ಕಾರಣ ಪಕ್ಕದ ಮನೆಯ ಹುಡುಗ. ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಸರ್ವಿಸ್ ಕೆಲಸಕ್ಕೆ ಸೇರಿದ್ದ. ಅಲ್ಲಿ ಅವನ ಕೈಗೆ ಅರವತ್ತು ಪದಗಳ ಪಟ್ಟಿ ಕೊಟ್ಟು, ವಾರದಲ್ಲಿ ಕಲಿತು ಬಾ ಅಂದಿದ್ದರು. ಟ್ಯಾನಿನ್, ಬಾಡಿ, ಡ್ರೈ, ಫಿನಿಶ್, ವಿಂಟೇಜ್, ಸಿಂಗಲ್ ಮಾಲ್ಟ್. ಮೂರು ದಿನ ಉರು ಹೊಡೆದು ನಾಲ್ಕನೇ ದಿನ ನನ್ನ ಹತ್ತಿರ ಬಂದ. 'ಅಕ್ಕ, ಅರ್ಥ ಬರುತ್ತೆ, ಆದರೆ ಗ್ಲಾಸ್ ಮುಂದೆ ಇಟ್ಟರೆ ಯಾವುದು ಯಾವುದು ಅಂತ ಗೊತ್ತಾಗಲ್ಲ' ಅಂದ. ನಾನು ಕಾಫಿ ರುಚಿ ನೋಡಿ ಗುಣ ಹೇಳುವುದನ್ನು ಕಲಿತವಳು. ಬಾಡಿ, ಆಸಿಡಿಟಿ ಎಂಬ ಮಾತುಗಳು ಅಲ್ಲಿಯೂ ಇವೆ. ಹಾಗಾಗಿ ಪಟ್ಟಿ ಪಕ್ಕಕ್ಕಿಡು, ಅಡುಗೆಮನೆಗೆ ಬಾ ಅಂದೆ. ಅವನ ಜೊತೆ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೋಂಸ್ಟೇ ನಡೆಸುವವರಿಗೂ ಹೋಟೆಲ್ ಕೆಲಸಕ್ಕೆ ಹೋಗುವವರಿಗೂ ಇದು ಸಾಕಾಗುತ್ತದೆ. ಅರ್ಧದಷ್ಟು ಪಾಠಕ್ಕೆ ಮದ್ಯವೇ ಬೇಡ.

ಮೊದಲು ಬಾಟಲಿಗಳನ್ನು ಬೇರೆ ಬೇರೆ ಮಾಡಿ

ಎಲ್ಲ ಮದ್ಯದ ಮೂಲ ಹುದುಗು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ದ್ರಾಕ್ಷಿ ರಸ ಹುದುಗಿದರೆ ವೈನ್, ಮೊಳಕೆ ಬರಿಸಿದ ಬಾರ್ಲಿಯ ರಸ ಹುದುಗಿದರೆ ಬಿಯರ್, ಬೈನೆ ಮರದ ರಸ ಹುದುಗಿದರೆ ಕಳ್ಳು. ಆಲ್ಕೋಹಾಲ್ ಶೇ 15ರ ಆಸುಪಾಸಿಗೆ ಬಂದಾಗ ಸಾಮಾನ್ಯವಾಗಿ ಯೀಸ್ಟ್ ತಾನೇ ಸೋಲುತ್ತದೆ. ಅದಕ್ಕೇ ವೈನ್ ಅದಕ್ಕಿಂತ ಜಾಸ್ತಿ ಗಡಸಾಗುವುದು ಅಪರೂಪ.

ಇನ್ನೂ ಗಡಸು ಬೇಕಾದರೆ ಬಟ್ಟಿ ಇಳಿಸಬೇಕು. ಆಲ್ಕೋಹಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಮೊದಲು ಏಳುವ ಆವಿಯನ್ನು ಹಿಡಿದು ತಣಿಸಿದರೆ ಅದೇ ಸ್ಪಿರಿಟ್. ಯಾವುದರಿಂದ ಇಳಿಸಿದರು ಅನ್ನುವುದರ ಮೇಲೆ ಹೆಸರು. ಧಾನ್ಯದಿಂದ ವಿಸ್ಕಿ, ದ್ರಾಕ್ಷಿಯಿಂದ ಬ್ರಾಂದಿ, ಕಬ್ಬಿನ ರಸ ಅಥವಾ ಕಾಕಂಬಿಯಿಂದ ರಮ್, ಮೆಕ್ಸಿಕೋದ ನೀಲಿ ಅಗಾವೆ ಗಿಡದಿಂದ ಟಕೀಲಾ. ಜಿನ್‌ಗೆ ಜೂನಿಪರ್ ಎಂಬ ಕಾಯಿಯ ವಾಸನೆ ಮುಖ್ಯ. ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಕಾಕಂಬಿಯ ಸ್ಪಿರಿಟ್ ಕೂಡ ಇರುತ್ತದೆ, ಇದನ್ನು ತಿಳಿದಿರುವುದು ಒಳ್ಳೆಯದು. ಸಕ್ಕರೆ, ಪರಿಮಳ ಸೇರಿಸಿ ಸಿಹಿ ಮಾಡಿದ ಸ್ಪಿರಿಟ್ ಲಿಕ್ಯೂರ್. ಹುದುಗುವಾಗಲೇ ಬ್ರಾಂದಿ ಸುರಿದು ಯೀಸ್ಟ್ ನಿಲ್ಲಿಸಿದ ಸಿಹಿ ವೈನ್ ಪೋರ್ಟ್.

ನಮ್ಮ ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿರುವ ಹೋಂ ಮೇಡ್ ವೈನ್ ಎಲ್ಲಿ ಬರುತ್ತದೆ? ಹೊರಗಿನ ಪುಸ್ತಕದ ಪ್ರಕಾರ ಬರೀ ವೈನ್ ಎಂದರೆ ದ್ರಾಕ್ಷಿಯದ್ದು. ಬೇರೆ ಹಣ್ಣಿನದಾದರೆ ಹಣ್ಣಿನ ಹೆಸರು ಸೇರಿಸಿ ಹೇಳಬೇಕು. ಪ್ಯಾಶನ್ ಫ್ರೂಟ್ ವೈನ್, ನೆಲ್ಲಿಕಾಯಿ ವೈನ್ ಹಾಗೆ. ಶುಂಠಿ, ವೀಳ್ಯದೆಲೆಯ ವೈನಿನಲ್ಲಿ ಹುದುಗುವುದು ನಾವು ಹಾಕಿದ ಸಕ್ಕರೆ, ಎಲೆ ಮತ್ತು ಶುಂಠಿ ಕೊಡುವುದು ರುಚಿ ಮಾತ್ರ. ಅತಿಥಿ ಕೇಳಿದರೆ ಇಷ್ಟನ್ನು ಬಿಡಿಸಿ ಹೇಳಿ, ಅವರಿಗೆ ಖುಷಿಯಾಗುತ್ತದೆ. ಆದರೆ ಮನೆಯಲ್ಲಿ ಬಟ್ಟಿ ಇಳಿಸುವ ಪ್ರಯೋಗಕ್ಕೆ ಮಾತ್ರ ಕೈ ಹಾಕಬೇಡಿ. ಅದು ಅಪರಾಧ. ಮೆಥನಾಲ್ ಸೇರಿದ ಕಳ್ಳಬಟ್ಟಿ ಕಣ್ಣು ಕಳೆಯುತ್ತದೆ, ಜೀವ ತೆಗೆಯುತ್ತದೆ.

ಅಡುಗೆಮನೆಯ ಪಾಠ

ಇದೇ ಮುಖ್ಯ ಹೆಜ್ಜೆ. ಇದಕ್ಕೆ ಒಂದು ಸಂಜೆ ಪೂರ್ತಿ ಇಟ್ಟುಕೊಳ್ಳಿ.

ಮೂರು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರಿಗೆ ನಾಲ್ಕೈದು ಹನಿ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿರಸ. ಇನ್ನೊಂದರಲ್ಲಿ ಹತ್ತು ನಿಮಿಷ ಸೊಪ್ಪು ನೆನೆಯಲು ಬಿಟ್ಟು, ಸೋಸಿ ಆರಿಸಿದ ಟೀ, ಹಾಲು ಸಕ್ಕರೆ ಏನೂ ಇಲ್ಲ. ಮೂರನೆಯದರಲ್ಲಿ ಮತ್ತೆ ಕಾಚಂಪುಳಿ ನೀರು, ಜೊತೆಗೆ ಎರಡು ಚಮಚ ಸಕ್ಕರೆ.

ಮೊದಲ ಲೋಟದಿಂದ ಒಂದು ಗುಟುಕು. ಕೆನ್ನೆಯ ಒಳಬದಿಯಿಂದ ನೀರು ಚಿಮ್ಮುತ್ತದೆ, ಅಲ್ವಾ? ಇದೇ ಆಸಿಡಿಟಿ. ಹುಳಿ. ಈಗ ಟೀ ಕುಡಿಯಿರಿ. ಬಾಯಿಯ ನೀರೆಲ್ಲ ಎಲ್ಲಿ ಹೋಯಿತು? ನಾಲಿಗೆ ಒಸಡಿಗೆ ಅಂಟಿದ ಹಾಗೆ, ಹಲ್ಲಿನ ಮೇಲೆ ಬಟ್ಟೆ ಉಜ್ಜಿದ ಹಾಗೆ. ಹುಡುಗ ಎರಡನೇ ಗುಟುಕಿಗೇ ಹೇಳಿದ: 'ಅಕ್ಕ, ಇದು ಹಸಿ ಅಡಿಕೆ ಅಗಿದ ಹಾಗೇ ಇದೆ.' ಅದೇ ಟ್ಯಾನಿನ್. ನಮ್ಮ ಭಾಷೆಯಲ್ಲಿ ಒಗರು. ಈ ವಸ್ತು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಬಾಯಿಯ ಜಾರು ಹೋಗಿ ಒಣಗಿದಂತೆ ಅನಿಸುತ್ತದೆ. ದ್ರಾಕ್ಷಿಯಲ್ಲಿ ಅದು ಸಿಪ್ಪೆ, ಬೀಜ, ತೊಟ್ಟಿನಲ್ಲಿರುತ್ತದೆ. ರೆಡ್ ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸುತ್ತಾರೆ, ಅದಕ್ಕೆ ಒಗರು ಜಾಸ್ತಿ. ವೈಟ್ ವೈನಿಗೆ ರಸ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಓಕ್ ಮರದ ಪೀಪಾಯಿಯಿಂದಲೂ ಸ್ವಲ್ಪ ಒಗರು ಇಳಿಯುತ್ತದೆ. ಬಾಳೆಕಾಯಿ, ನೆಲ್ಲಿಕಾಯಿ, ಅಡಿಕೆ ತಿಂದು ಬೆಳೆದ ನಮಗೆ ಈ ಪದ ಹೊಸತೇನಲ್ಲ.

ಮೂರನೇ ಲೋಟ ಕುಡಿದಾಗ ಹುಳಿ ಕಡಿಮೆಯಾದಂತೆ ಅನಿಸುತ್ತದೆ. ಆದರೆ ಕಾಚಂಪುಳಿ ಅಷ್ಟೇ ಇದೆ, ಸಕ್ಕರೆ ಅದನ್ನು ಮುಚ್ಚಿದೆ. ನಮ್ಮ ಹೋಂ ಮೇಡ್ ವೈನುಗಳು ಹೆಚ್ಚಾಗಿ ಸಿಹಿ ಆದ್ದರಿಂದ ಅವುಗಳ ಹುಳಿ ಬೇಗ ಗೊತ್ತಾಗುವುದಿಲ್ಲ. ಕೆನ್ನೆಯ ಬದಿಯಲ್ಲಿ ನೀರು ಬರುತ್ತದೆಯೇ ಎಂದು ನೋಡಿ, ಅದು ಸುಳ್ಳು ಹೇಳುವುದಿಲ್ಲ.

ಈಗ ಎಲ್ಲರೂ ಎಡವುವ ಪದ, ಡ್ರೈ. ವೈನಿನಲ್ಲಿ ಡ್ರೈ ಎಂದರೆ ಸಿಹಿ ಇಲ್ಲ ಎಂದರ್ಥ. ಸಕ್ಕರೆಯನ್ನು ಹೆಚ್ಚುಕಮ್ಮಿ ಪೂರ್ತಿ ಯೀಸ್ಟ್ ತಿಂದು ಮುಗಿಸಿದೆ. ಬಾಯಿ ಒಣಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಒಗರಿನ ಕೆಲಸ. ಒಗರೇ ಇಲ್ಲದ ವೈಟ್ ವೈನ್ ಕೂಡ ಡ್ರೈ ಆಗಬಹುದು. ಹಣ್ಣಿನ ವಾಸನೆ ಘಮ್ಮೆಂದು ಬಂದರೂ ವೈನ್ ಡ್ರೈ ಆಗಿರಬಹುದು. ಅನುಮಾನ ಬಂದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಆಗಲೂ ಸಿಹಿ ಉಳಿದರೆ ಸಕ್ಕರೆ ಇದೆ.

ಬಾಡಿ ಎಂದರೆ ಬಾಯಲ್ಲಿನ ಭಾರ. ನೀರು ಮಜ್ಜಿಗೆ ಮತ್ತು ಗಟ್ಟಿ ಮಜ್ಜಿಗೆಯನ್ನು ಒಂದಾದ ಮೇಲೆ ಒಂದು ಕುಡಿದರೆ ಸಾಕು, ಲೈಟ್ ಬಾಡಿ, ಫುಲ್ ಬಾಡಿ ಎರಡೂ ತಿಳಿಯಿತು. ಫಿನಿಶ್ ಎಂದರೆ ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ. ಮನಸ್ಸಿನಲ್ಲೇ ಎಣಿಸಿ. ಐದಕ್ಕೆ ಹೋದರೆ ಚಿಕ್ಕದು, ಹದಿನೈದು ದಾಟಿದರೆ ಉದ್ದ. ಗ್ಲಾಸ್ ಅಲ್ಲಾಡಿಸಿದಾಗ ಒಳಗೋಡೆಯಲ್ಲಿ ಇಳಿಯುವ ಹನಿಗಳಿಗೆ ಲೆಗ್ಸ್ ಅನ್ನುತ್ತಾರೆ. ಅವು ಆಲ್ಕೋಹಾಲ್, ಸಕ್ಕರೆಯ ಸುಳಿವು ಕೊಡುತ್ತವೆ. ವೈನ್ ಒಳ್ಳೆಯದೋ ಅಲ್ಲವೋ ಎನ್ನುವುದನ್ನು ಹೇಳುವುದಿಲ್ಲ.

ಮೂಗಿಗೆ ತೋಟದ ಹೆಸರು ಕೊಡಿ

1984ರಲ್ಲಿ ಕ್ಯಾಲಿಫೋರ್ನಿಯಾದ ಆನ್ ನೋಬಲ್ ಎಂಬ ವಿಜ್ಞಾನಿ ವೈನಿನ ವಾಸನೆಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿಟ್ಟರು. ಇವತ್ತಿಗೂ ಕಲಿಯುವವರು ಅದನ್ನು ಬಳಸುತ್ತಾರೆ. ಆದರೆ ಹೊರಗಿನವರ ಪಟ್ಟಿಯಲ್ಲಿರುವ ಬ್ಲ್ಯಾಕ್‌ಕರಂಟ್ ನಮ್ಮಲ್ಲಿ ಹೆಚ್ಚಿನವರು ನೋಡಿಯೇ ಇಲ್ಲ. ಅವರ ಗೂಸ್‌ಬೆರಿಯೂ ನಮ್ಮ ನೆಲ್ಲಿಕಾಯಿಯೂ ಬೇರೆ ಬೇರೆ ಗಿಡದ ಕಾಯಿಗಳು. ಹೆಸರು ಒಂದೇ ಎಂದು ನಂಬಿ ನೆಲ್ಲಿಕಾಯಿ ವಾಸನೆ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಹಾಗಾಗಿ ನಿಮ್ಮದೇ ಒಂದು ಪಟ್ಟಿ ಬರೆಯಿರಿ. ಹೂಮಳೆ ಬಿದ್ದು ವಾರ ಕಳೆದ ಮೇಲೆ ಅರಳುವ ಕಾಫಿ ಹೂವು, ಕಿತ್ತಳೆ ಸಿಪ್ಪೆ, ಏಲಕ್ಕಿ, ಜೇನು, ಪೇರಳೆ ಹಣ್ಣು, ಒಣಗಿದ ತರಗೆಲೆ, ಒಲೆಯ ಹೊಗೆ. ದಿನಾ ಒಂದೊಂದನ್ನು ಕಣ್ಣು ಮುಚ್ಚಿ ಮೂಸಿ, ಹೆಸರು ಹೇಳಿ. ಮೂಗು ಅಭ್ಯಾಸವಾಗಲು ಎರಡು ವಾರ ಸಾಕು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಶಿರಾಜ್ ಎಂಬ ದ್ರಾಕ್ಷಿಯ ರೆಡ್ ವೈನ್ ಮೂಸಿದರೆ ಕಾಳುಮೆಣಸಿನ ವಾಸನೆ ಬರುತ್ತದೆ ಎಂದು ಬಹಳ ಕಾಲದಿಂದ ಹೇಳುತ್ತಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದರ ಕಾರಣ ಹಿಡಿದರು. ರೊಟುಂಡೋನ್ ಎಂಬ ವಸ್ತು ಅದು. ಅದೇ ವಸ್ತು ಕಾಳುಮೆಣಸಿನಲ್ಲೂ ಇದೆ. ನಂದಿ ಬೆಟ್ಟದ ಕಡೆ ಬೆಳೆದ ಶಿರಾಜ್ ಸಿಕ್ಕರೆ, ಪಕ್ಕದಲ್ಲಿ ನಾಲ್ಕು ಕಾಳು ಕುಟ್ಟಿ ಇಟ್ಟುಕೊಂಡು ಎರಡನ್ನೂ ಮೂಸಿ ನೋಡಿ.

ಕೆಟ್ಟ ವಾಸನೆಗೂ ಹೆಸರು ಬೇಕು. ಮಳೆಗಾಲದಲ್ಲಿ ಬೂಸ್ಟು ಹಿಡಿದ ಗೋಣಿಚೀಲದ ವಾಸನೆ ಬಂದರೆ ಆ ವೈನಿಗೆ ಕಾರ್ಕ್ಡ್ ಅನ್ನುತ್ತಾರೆ. ಬಿರಡೆಯಿಂದ ಬರುವ ದೋಷ ಅದು. ವಿನೆಗರ್ ಘಾಟು ಬಂದರೆ ಗಾಳಿ ಸೇರಿ ಹುಳಿ ತಿರುಗಿದೆ. ಅಂಥ ಬಾಟಲಿಯನ್ನು ಅತಿಥಿಯ ಮುಂದೆ ಇಡಬೇಡಿ.

ಲೇಬಲ್‌ನ ಲೆಕ್ಕ

ರಮ್, ವಿಸ್ಕಿ ಬಾಟಲಿಯ ಮೇಲೆ 42.8 ಎಂಬ ಸಂಖ್ಯೆ ನೋಡಿರುತ್ತೀರಿ. ಮಿಲಿಟರಿ ಕ್ಯಾಂಟೀನಿನ ಬಾಟಲಿ ಬರುವ ಮನೆಗಳಲ್ಲಿ ಇದು ಗುರುತಿನ ಸಂಖ್ಯೆ. ಇಷ್ಟು ವಿಚಿತ್ರ ಅಂಕಿ ಯಾಕೆ? ಇದು ಮದ್ಯದ ಗಡಸು ಅಳೆಯಲು ಬ್ರಿಟಿಷರು ಬಳಸುತ್ತಿದ್ದ ಹಳೆಯ ಪ್ರೂಫ್ ಲೆಕ್ಕದಿಂದ ಬಂದದ್ದು. ಅವರ 100 ಪ್ರೂಫ್ ಎಂದರೆ ಸುಮಾರು ಶೇ 57.1 ಆಲ್ಕೋಹಾಲ್. ಅದಕ್ಕಿಂತ 25 ಕಡಿಮೆ ಮಾಡಿದರೆ 75 ಪ್ರೂಫ್. 57.1ರ ಮುಕ್ಕಾಲು ಭಾಗ ಹಾಕಿ ನೋಡಿ, 42.8 ಬರುತ್ತದೆ. ಅಮೆರಿಕದ ಪ್ರೂಫ್ ಬೇರೆ. ಅಲ್ಲಿ ಶೇಕಡಾವಾರನ್ನು ಸುಮ್ನೆ ಎರಡರಿಂದ ಗುಣಿಸುತ್ತಾರೆ. ಅಮೆರಿಕದ ಬಾಟಲಿಯಲ್ಲಿ 80 ಪ್ರೂಫ್ ಎಂದಿದ್ದರೆ ಶೇ 40.

ವೈನ್ ಬಾಟಲಿಯ ಮೇಲಿನ ಇಸವಿಗೆ ವಿಂಟೇಜ್ ಅನ್ನುತ್ತಾರೆ. ಅದು ದ್ರಾಕ್ಷಿ ಕೊಯ್ದ ವರ್ಷ. ಒಂದು ವರ್ಷ ಹೂಮಳೆ ಚೆನ್ನಾಗಿ ಬಂದು ಇನ್ನೊಂದು ವರ್ಷ ಕೈಕೊಟ್ಟರೆ ಕಾಫಿ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ದ್ರಾಕ್ಷಿಯ ಕಥೆಯೂ ಹಾಗೇ. ತೋಟದ ಮಣ್ಣು, ಇಳಿಜಾರು, ಬಿಸಿಲು, ಮಳೆ ಎಲ್ಲ ಸೇರಿ ರುಚಿಗೆ ಬರುವ ಗುಣಕ್ಕೆ ಟೆರ್ವಾರ್ ಎಂಬ ಪದ ಇದೆ.

ವಿಸ್ಕಿಯ ಮೇಲಿನ 12, 18 ಬೇರೆ ಸಂಗತಿ. ಅದು ಪೀಪಾಯಿಯಲ್ಲಿ ಕಳೆದ ವರ್ಷ. ಹಲವು ಪೀಪಾಯಿ ಬೆರೆಸಿದ್ದರೆ ಅತಿ ಎಳೆಯದರ ವಯಸ್ಸನ್ನೇ ಬರೆಯಬೇಕು. ಬಾಟಲಿಗೆ ತುಂಬಿದ ಮೇಲೆ ವಯಸ್ಸು ನಿಂತುಹೋಗುತ್ತದೆ. ಅಲ್ಮೇರಾದಲ್ಲಿ ಹತ್ತು ವರ್ಷ ಇಟ್ಟ 12ರ ವಿಸ್ಕಿ ಈಗಲೂ 12ರದ್ದೇ. ಸ್ಕಾಚ್ ಎನ್ನಬೇಕಾದರೆ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು.

ಸಿಂಗಲ್ ಮಾಲ್ಟ್ ಎಂದರೆ ಒಂದೇ ಬಟ್ಟಿಮನೆಯಲ್ಲಿ, ಮೊಳಕೆ ಬಾರ್ಲಿಯಿಂದ ಮಾತ್ರ ತಯಾರಾದದ್ದು. ಒಂದೇ ಪೀಪಾಯಿ ಎಂದಲ್ಲ. ಒಂದೇ ಎಸ್ಟೇಟಿನ ಕಾಫಿ ಎಂದು ನಾವು ಹೇಳುವ ಹಾಗೆ. ಹಲವು ಬಟ್ಟಿಮನೆಗಳ ವಿಸ್ಕಿ ಸೇರಿಸಿದರೆ ಬ್ಲೆಂಡೆಡ್. ಅದು ಕೀಳೇನಲ್ಲ. ಅರೇಬಿಕಾ, ರೊಬಸ್ಟಾ ಹದವಾಗಿ ಬೆರೆಸುವುದಕ್ಕೂ ಕೈಗುಣ ಬೇಕಲ್ವಾ?

ಪೀಪಾಯಿಯಿಂದ ಪ್ರತಿ ವರ್ಷ ಸ್ವಲ್ಪ ಆವಿಯಾಗಿ ಹೋಗುತ್ತದೆ. ಅದಕ್ಕೆ ಏಂಜಲ್ಸ್ ಶೇರ್ ಎಂಬ ಚೆಂದದ ಹೆಸರು, ದೇವದೂತರ ಪಾಲು. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ವರ್ಷಕ್ಕೆ ಶೇ 2ರಷ್ಟು. ನಮ್ಮ ಬೆಂಗಳೂರಿನ ಹವೆಯಲ್ಲಿ ಅದರ ಎಷ್ಟೋ ಪಟ್ಟು. ಪೀಪಾಯಿಯೊಳಗೆ ಹದವಾಗುವುದೂ ಇಲ್ಲಿ ಅಷ್ಟೇ ಬೇಗ. ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕೆ ಇಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ.

ಹೆಸರು ಹೇಳುವಾಗ

ಫ್ರೆಂಚ್ ಪದಗಳ ಕೊನೆಯ ಅಕ್ಷರ ಸಾಮಾನ್ಯವಾಗಿ ಬಾಯಿಗೆ ಬರುವುದಿಲ್ಲ. ದ್ರಾಕ್ಷಿ ತಳಿಗಳ ಹೆಸರನ್ನೇ ನೋಡಿ: ಮೆರ್ಲೋ, ಪಿನೋ ನ್ವಾರ್, ಕ್ಯಾಬರ್ನೇ ಸೊವಿನ್ಯೋಂ. ಬೋರ್ಡೋ ಎಂದು ಸರಿಯಾಗಿ ಹೇಳುವ ನಾಲಿಗೆಗೆ ಇವು ಕಷ್ಟವಲ್ಲ. ತಪ್ಪಿದರೂ ಚಿಂತೆ ಬೇಡ, ರುಚಿ ಸರಿಯಾಗಿ ಹೇಳಿದರೆ ಯಾರೂ ಉಚ್ಚಾರ ಹಿಡಿದು ಕೂರುವುದಿಲ್ಲ.

ಕೊನೆಗೆ ಗ್ಲಾಸ್

ಇಷ್ಟಾದ ಮೇಲೆ ನಿಜವಾದ ವೈನ್ ನೋಡಿ. ಒಂದು ಸಲಕ್ಕೆ ಎರಡೇ ಬಗೆ, ತಲಾ ಎರಡು ಚಮಚ. ಮೊದಲು ಬಣ್ಣ, ಆಮೇಲೆ ಮೂಗು, ಆಮೇಲೆ ಬಾಯಿ. ಬಾಯಲ್ಲಿ ಆಡಿಸಿ ಉಗುಳಿಬಿಡಿ. ಇದನ್ನೇ ಕಸುಬು ಮಾಡಿಕೊಂಡವರೆಲ್ಲ ಉಗುಳುತ್ತಾರೆ, ಇದರಲ್ಲಿ ನಾಚಿಕೆ ಏನಿಲ್ಲ. ವಿಸ್ಕಿಯಾದರೆ ಮೂಗನ್ನು ಗ್ಲಾಸಿನೊಳಗೆ ಇಡಬೇಡಿ, ಘಾಟು ಹೊಡೆಯುತ್ತದೆ. ಬಾಯಿ ಸ್ವಲ್ಪ ತೆರೆದು, ದೂರದಿಂದ ಮೂಸಿ. ನಾಲ್ಕು ಹನಿ ನೀರು ಬಿಟ್ಟರೆ ವಾಸನೆ ಬಿಡಿಸಿಕೊಳ್ಳುತ್ತದೆ. ಈ ಪಾಠದ ದಿನ ಗಾಡಿ ಮುಟ್ಟಬೇಡಿ. ನಮ್ಮ ತಿರುವುಗಳು ನಿಮಗೆ ಗೊತ್ತೇ ಇದೆ.

ಪ್ರತಿ ಸಲ ಐದು ಸಾಲು ಬರೆದಿಡಿ: ಸಿಹಿ, ಹುಳಿ, ಒಗರು, ಬಾಡಿ, ಫಿನಿಶ್. ವಾಸನೆಗೆ ಒಂದು ಸಾಲು ಜಾಸ್ತಿ ಇರಲಿ. ಹುಡುಗ ತನ್ನ ಚಿಕ್ಕಮ್ಮ ಮಾಡಿದ ಪ್ಯಾಶನ್ ಫ್ರೂಟ್ ವೈನಿನಿಂದಲೇ ಶುರು ಮಾಡಿದ. ಅವನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗಿದೆ: 'ಸಿಹಿ ಜಾಸ್ತಿ. ಹುಳಿ ಅಡಿಯಲ್ಲಿ ಅಡಗಿದೆ, ಕೆನ್ನೆಯಲ್ಲಿ ಗೊತ್ತಾಯಿತು. ಒಗರು ಇಲ್ಲ. ಬಾಡಿ ನೀರು ಮಜ್ಜಿಗೆಗಿಂತ ಸ್ವಲ್ಪ ಗಟ್ಟಿ. ವಾಸನೆ ಹಣ್ಣಿನದು, ಹಿಂದೆ ಜೇನು. ಹನ್ನೊಂದು ಎಣಿಸುವವರೆಗೆ ಇತ್ತು.'