ಕೆಟ್ಟ ಬಣ್ಣ ಹಚ್ಚುವ ಬಗೆ: ರಂಗಕ್ಕೂ ಕಿರುಚಿತ್ರಕ್ಕೂ ಒಂದು ಜೋಕರ್ ಮುಖ

ಕಾಲೇಜು ಗ್ಯಾದರಿಂಗ್‌ನಲ್ಲಿ ಬ್ಯಾಟ್‌ಮನ್ ಕಥೆಗಳ ಖಳ ಜೋಕರ್‌ನ ವೇಷ ಬಂದರೆ ಜನ ಸೀಟಿ ಹೊಡೆಯುತ್ತಾರೆ, ಹೆದರುವುದಿಲ್ಲ. ತಪ್ಪು ನಟನದಲ್ಲ, ಮುಖದ್ದು. ಗೋಡೆಗೆ ಸುಣ್ಣ ಹೊಡೆದಂತೆ ಸಮನಾದ ಬಿಳುಪು, ಕಿವಿಯವರೆಗೆ ಅಳತೆ ಹಿಡಿದು ಎಳೆದ ಕೆಂಪು ನಗು, ಬಾಡಿಗೆಗೆ ತಂದ ಹೊಳೆಯುವ ಸ್ಯಾಟಿನ್ ಕೋಟು. ಹುಟ್ಟುಹಬ್ಬಕ್ಕೆ ಬಂದ ವಿದೂಷಕನಿಗೂ ಇವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

2008ರ ‘ದಿ ಡಾರ್ಕ್ ನೈಟ್’ ಚಿತ್ರದಲ್ಲಿ ನಟ ಹೀತ್ ಲೆಜರ್ ಹೊತ್ತ ಮುಖ ಬೇರೆ ಜಾತಿಯದು. ಕಾಮಿಕ್ಸ್‌ನ ಜೋಕರ್‌ಗೆ ಚರ್ಮವೇ ಬಿಳಿ. ಈ ಚಿತ್ರದಲ್ಲಿ ಅದು ಬರೀ ಬಣ್ಣ, ಅದೂ ಅವನೇ ತನ್ನ ಕೈಯಾರೆ ಬಳಿದುಕೊಂಡದ್ದು. ಬೆವರಿಗೆ ಕರಗಿದೆ, ಮಡಿಕೆಗಳಲ್ಲಿ ಬಿರಿದಿದೆ, ಕೆಳಗಿನ ಮನುಷ್ಯ ಕಾಣುತ್ತಿದ್ದಾನೆ. ಬಣ್ಣದ ಕೆಲಸ ಜಾನ್ ಕ್ಯಾಗ್ಲಿಯೋನ್ ಜೂನಿಯರ್ ಅವರದು, ಬಾಯಿಯ ಪಕ್ಕದ ಗಾಯದ ಕಲೆಗಳು ಕಾನರ್ ಓ'ಸಲಿವನ್ ಅವರವು. ಇಬ್ಬರೂ ಆ ಕೆಲಸಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. ಚಿತ್ರಕಾರ ಫ್ರಾನ್ಸಿಸ್ ಬೇಕನ್ ಬಿಡಿಸಿದ ಕದಡಿದ ಮುಖಗಳು ಅವರ ಕಣ್ಣ ಮುಂದಿದ್ದವು.

ನಮ್ಮ ಕಡೆಯ ದೊಡ್ಡಾಟದ ಬಣ್ಣ ಬಲ್ಲವರು ಒಂದು ಮಾತು ನೆನಪಿಡಬೇಕು. ರಾಕ್ಷಸ ವೇಷಕ್ಕೆ ಗೆರೆ ಖಚಿತ ಇರಬೇಕು, ಬಯಲಿನಲ್ಲಿ ಕಟ್ಟಕಡೆಗೆ ಕುಳಿತವನಿಗೂ ಹುಬ್ಬು ಕಾಣಬೇಕು. ಇಲ್ಲಿ ಆ ಕಟ್ಟಳೆಯನ್ನು ತಿರುವಿ ಹಾಕುವುದಿದೆ: ಗೆರೆ ಒಡೆಯಬೇಕು. ಆದರೆ ಎಲ್ಲಿ ಒಡೆಯಬೇಕು ಎನ್ನುವುದನ್ನು ಮೊದಲೇ ತೀರ್ಮಾನಿಸಿರಬೇಕು. ಹೇಗೆಂದರೆ ಹಾಗೆ ಬಳಿದರೆ ಹೋಳಿ ಹುಣ್ಣಿಮೆಯ ಮುಖವಾಗುತ್ತದೆ, ಅಷ್ಟೇ.

ಗಾಯದಿಂದ ಶುರು

ಬಣ್ಣಕ್ಕಿಂತ ಮೊದಲು ಗಾಯದ ಕಲೆ. ಪ್ರದರ್ಶನಕ್ಕೆ ಎರಡು ತಾಸು ಮುಂಚೆ ಕೂಡಿರಿ. ಗಡ್ಡವನ್ನು ಹಿಂದಿನ ದಿನವೇ ಬೋಳಿಸಿರಬೇಕು. ಆಗಷ್ಟೇ ಬೋಳಿಸಿದ ಚರ್ಮಕ್ಕೆ, ಮೀಸೆ ಅಂಟಿಸಲು ಬಳಸುವ ಸ್ಪಿರಿಟ್ ಗಮ್ ತಾಗಿದರೆ ಉರಿ ತಡೆಯಲಾಗದು.

ಸಿನಿಮಾದವರು ಸಿಲಿಕೋನ್ ಬಳಸಿದರು. ನಮ್ಮ ಖರ್ಚಿನಲ್ಲಿ ಜೆಲಾಟಿನ್ ಸಾಕು. ಸಕ್ಕರೆ, ಬಣ್ಣ, ವಾಸನೆ ಯಾವುದೂ ಇಲ್ಲದ ಜೆಲಾಟಿನ್ ಪುಡಿ 1 ದೊಡ್ಡ ಚಮಚೆ, ಗ್ಲಿಸರಿನ್ ಅಷ್ಟೇ, ನೀರೂ ಅಷ್ಟೇ. ಮೂರನ್ನೂ ಸಣ್ಣ ಸ್ಟೀಲ್ ಬಟ್ಟಲಲ್ಲಿ ಕಲಸಿ 10 ನಿಮಿಷ ನೆನೆಯಲು ಬಿಡಿರಿ. ಆಮೇಲೆ ಬಟ್ಟಲನ್ನು ಬಿಸಿನೀರಿನ ಪಾತೇಲಿಯಲ್ಲಿ ಇಟ್ಟು, ಪುಡಿ ಕರಗಿ ತಿಳಿಯಾಗುವವರೆಗೆ ನಿಧಾನಕ್ಕೆ ತಿರುವಿರಿ. ಕುದಿಸಬಾರದು: ಕುದಿದರೆ ಗುಳ್ಳೆ ಏಳುತ್ತವೆ, ಅಂಟಿನ ಬಲವೂ ಹೋಗುತ್ತದೆ. ಗ್ಲಿಸರಿನ್ ಕಡಿಮೆಯಾದರೆ ಒಣಗಿ ಸೀಳುತ್ತದೆ, ಹೆಚ್ಚಾದರೆ ಜಿನುಗಿ ಅಂಟು ಹಿಡಿಯುವುದಿಲ್ಲ. ಚೈನಾ ಗ್ರಾಸ್ ಇದಕ್ಕೆ ಬದಲಿಯಲ್ಲ. ಅದು ಹಿಗ್ಗದು, ಮೊದಲ ಸಂಭಾಷಣೆಗೇ ಮುರಿದು ಬೀಳುತ್ತದೆ.

ಸ್ಟೀಲ್ ತಾಟಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಕರಗಿದ್ದನ್ನು 5-6 ಸೆಂಟಿಮೀಟರ್ ಉದ್ದ, ಪೆನ್ಸಿಲ್ ದಪ್ಪಕ್ಕೆ ಎರಡು ಪಟ್ಟಿಯಾಗಿ ಸುರಿಯಿರಿ. ಇಲ್ಲೊಂದು ಕೈಚಳಕ ಬೇಕು. ಚಮಚೆಯ ಬೆನ್ನಿನಿಂದ ಪಟ್ಟಿಯ ಎರಡೂ ಅಂಚುಗಳನ್ನು ಹೊರಕ್ಕೆ ಎಳೆದು, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿಸಬೇಕು. ಅಂಚು ದಪ್ಪ ಉಳಿದರೆ ಎಷ್ಟೇ ಬಣ್ಣ ಹಚ್ಚಿದರೂ ಗಲ್ಲದ ಮೇಲೆ ಎರೆಹುಳ ಅಂಟಿಸಿದಂತೆ ಕಾಣುತ್ತದೆ. ಎರಡು ಕಡೆಯ ಕಲೆಯೂ ಒಂದೇ ತರಹ ಇರಬಾರದು: ಒಂದು ನಯವಾಗಿ ಬಾಗಿದ್ದರೆ ಇನ್ನೊಂದು ಕವಲೊಡೆದು ಗಂಟು ಗಂಟಾಗಿರಲಿ. ಅಪ್ಪಟ ಗಾಯಗಳು ಜೋಡಿಯಾಗಿ ಬರುವುದಿಲ್ಲ. 15 ನಿಮಿಷದಲ್ಲಿ ಗಟ್ಟಿಯಾಗುತ್ತದೆ.

ಚರ್ಮವನ್ನು ಸಬಕಾರದಿಂದ ತೊಳೆದು ಎಣ್ಣೆಯ ಪಸೆ ಪೂರ್ತಿ ತೆಗೆಯಿರಿ. ಸ್ಪಿರಿಟ್ ಗಮ್ಮನ್ನು ತೆಳುವಾಗಿ ಹಚ್ಚಿ, ಬೆರಳ ತುದಿಯಿಂದ ತಟ್ಟುತ್ತ ಜಿಗುಟಾಗುವವರೆಗೆ ಕಾಯಿರಿ. ಹಸಿಯಿದ್ದಾಗಲೇ ಒತ್ತಿದರೆ ಪಟ್ಟಿ ಜಾರುತ್ತದೆ. ಅಂಟಿಸುವಾಗ ನಟ ‘ಆ’ ಎಂದು ಬಾಯಿ ಅರ್ಧ ತೆರೆದಿರಬೇಕು. ಬಾಯಿ ಮುಚ್ಚಿ ಅಂಟಿಸಿದ ಕಲೆ ಮೊದಲ ನಗುವಿಗೇ ಕಿತ್ತು ಬರುತ್ತದೆ, ಎಲ್ಲ ಕಡೆ ನಡೆಯುವ ತಪ್ಪು ಇದೇ. ಬಿಸಿನೀರಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಅಂಚಿನ ಮೇಲೆ ಆಡಿಸಿದರೆ ಜೆಲಾಟಿನ್ ಕರಗಿ ಚರ್ಮದಲ್ಲಿ ಸೇರಿಹೋಗುತ್ತದೆ. ಮೇಲೆ ಸ್ವಲ್ಪ ಟಾಲ್ಕಂ ಪುಡಿ.

ಎರಡು ಎಚ್ಚರಿಕೆ. ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಆಗುವ ವಸ್ತು; ತುಟಿಯ ಪಕ್ಕದಲ್ಲೇ ಕೂಡುವುದರಿಂದ ನಟನಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಒಲ್ಲೆ ಅಂದರೆ ದ್ರವ ಲೇಟೆಕ್ಸ್ ಬಳಸಬಹುದು: ಒಂದೇ ಪದರ ಬಿಡಿಸಿದ ಟಿಶ್ಯೂ ಹಾಳೆಯನ್ನು ಕತ್ತರಿಸದೆ ಹರಿದು, ಲೇಟೆಕ್ಸ್ ಮೇಲೆ ಕೂಡಿಸುತ್ತ 3-4 ಪದರ, ಪ್ರತಿ ಪದರವೂ ಒಣಗಬೇಕು. ಲೇಟೆಕ್ಸ್ ಕೆಲವರ ಮೈಗೆ ಆಗುವುದಿಲ್ಲ, ಹಿಂದಿನ ದಿನವೇ ಮೊಣಕೈ ಒಳಮೈಗೆ ಒಂದು ಹನಿ ಹಚ್ಚಿ 24 ತಾಸು ನೋಡಿರಿ. ಇನ್ನೊಂದು, ಬಿಸಿಲು. ಹುಬ್ಬಳ್ಳಿ, ಗದಗಿನ ಏಪ್ರಿಲ್ ಮಧ್ಯಾಹ್ನಕ್ಕೆ ಜೆಲಾಟಿನ್ ಮೆತ್ತಗಾಗಿ ಜಾರುತ್ತದೆ. ಚಿತ್ರೀಕರಣವನ್ನು ಬೆಳಿಗ್ಗೆ 9ರೊಳಗೆ ಇಲ್ಲವೇ ಸಂಜೆ ಇಟ್ಟುಕೊಳ್ಳಿರಿ. ಮೈದಾ ಮತ್ತು ವ್ಯಾಸಲೀನ್ ಕಲಸಿ ಮಾಡುವ ಗಾಯ ಹಣೆಗೆ ನಡೆದೀತು, ಬಾಯಿಯ ಹತ್ತಿರ ಹತ್ತು ನಿಮಿಷವೂ ನಿಲ್ಲದು.

ಬಿಳುಪು

ಒಂದು ಮುಖಕ್ಕೆ ಬಿಳಿ ಕ್ರೀಮ್ ಬಣ್ಣ ಒಂದು ಸಣ್ಣ ಚಮಚೆ ಸಾಕು. ಕೊಳ್ಳಲು ಸಿಗದಿದ್ದರೆ ಔಷಧಿ ಅಂಗಡಿಯ ಜಿಂಕ್ ಆಕ್ಸೈಡ್ ಪುಡಿ 2 ಸಣ್ಣ ಚಮಚೆಗೆ ಕೊಬ್ಬರಿ ಎಣ್ಣೆ ಹನಿ ಹನಿಯಾಗಿ ಬಿಟ್ಟು, ಬೆಣ್ಣೆಯ ಹದಕ್ಕೆ ಅಂಗೈಯಲ್ಲಿ ತಿಕ್ಕಿರಿ. ಗಂಟು ಉಳಿಯಬಾರದು. ಸಫೇದಾ ಎಂದು ಬಿಡಿಯಾಗಿ ಮಾರುವ ಪುಡಿಯಲ್ಲಿ ಸೀಸ ಇರಬಹುದು, ಅದು ವಿಷ. ಡಬ್ಬಿಯ ಮೇಲೆ ಜಿಂಕ್ ಆಕ್ಸೈಡ್ ಎಂದು ಬರೆದಿರದಿದ್ದರೆ ಮುಟ್ಟಬೇಡಿರಿ. ಪೋಸ್ಟರ್ ಬಣ್ಣ, ಡಿಸ್ಟೆಂಪರ್ ಮುಖಕ್ಕೆ ಹಚ್ಚುವ ಸಾಮಾನಲ್ಲ.

ಈಗ ಇಡೀ ಕೆಲಸದ ಜೀವಾಳ. ನಟನಿಗೆ ಹುಬ್ಬು ಮೇಲೇರಿಸಿ ಹಣೆ ಗಂಟು ಹಾಕಲು ಹೇಳಿರಿ. ಗಂಟು ಬಿಡದಂತೆ ಹಿಡಿದಿರುವಾಗಲೇ ಸ್ಪಂಜಿನಿಂದ ಬಿಳಿಯನ್ನು ತಟ್ಟಿರಿ, ಒರೆಸಬೇಡಿರಿ. ಉಬ್ಬಿದ ಭಾಗಕ್ಕೆ ಬಣ್ಣ ಹತ್ತುತ್ತದೆ, ಮಡಿಕೆಯ ಒಳಗೆ ಹೋಗುವುದಿಲ್ಲ. ಅವನು ಹಣೆ ಸಡಿಲ ಬಿಟ್ಟ ಕೂಡಲೇ ಚರ್ಮದ ಬಣ್ಣದ ಗೆರೆಗಳು, ಬೇಸಿಗೆಯ ಎರೆ ಹೊಲ ಬಿರಿದಂತೆ, ತಾವಾಗಿ ತೆರೆದುಕೊಳ್ಳುತ್ತವೆ. ಕ್ಯಾಗ್ಲಿಯೋನ್ ಲೆಜರ್‌ಗೆ ಮಾಡಿದ್ದು ಇದನ್ನೇ. ಕುಂಚದಿಂದ ಬಿಡಿಸಿದ ಬಿರುಕು ಮೊದಲ ಸಾಲಿನಿಂದಲೇ ಸುಳ್ಳು ಎನ್ನಿಸುತ್ತದೆ. ಆಮೇಲೆ ಮೂಗು ಸೊಟ್ಟ ಮಾಡಿಸಿ ಮೂಗಿನ ಪಕ್ಕ, ಹಲ್ಲು ಕಿರಿಸಿ ಗಲ್ಲ, ಕುತ್ತಿಗೆ ತಿರುಗಿಸಿ ಗದ್ದದ ಕೆಳಗೆ. ಕೂದಲಿನ ಅಂಚಿಗೆ, ಕಿವಿಗೆ ಬಿಳಿ ಮುಟ್ಟಿಸಬೇಡಿರಿ. ತಾನೇ ಹಚ್ಚಿಕೊಂಡವನಿಗೆ ಅಲ್ಲಿ ಕೈ ಹೋಗಿರುವುದಿಲ್ಲ.

ಕಪ್ಪು, ಕೆಂಪು

ಕಣ್ಣು ಗಟ್ಟಿಯಾಗಿ ಮುಚ್ಚಿಸಿ ರೆಪ್ಪೆ ಮತ್ತು ಗೂಡಿನ ಸುತ್ತ ಕಾಡಿಗೆ ತುಂಬಿರಿ, ಹುಬ್ಬಿನವರೆಗೆ. ಕಣ್ಣು ಬಿಟ್ಟಾಗ ಮೂಲೆಯಲ್ಲಿ ತೆಳು ಬಿಳಿ ಗೆರೆ ಹೊಮ್ಮುತ್ತವೆ, ಅವನ್ನು ಮುಚ್ಚಬೇಡಿರಿ. ಬಳಿಕ ಉಂಗುರ ಬೆರಳಿನಿಂದ ಕೆಳಕ್ಕೆ ಒಂದೇ ಸಲ ಎಳೆಯಿರಿ. ಎರಡನೇ ಸಲ ಎಳೆದರೆ ಬಿಳಿಯ ಜೊತೆ ಸೇರಿ ಬೂದಿಬಣ್ಣವಾಗುತ್ತದೆ, ಇಸ್ತ್ರಿಯವನ ಕೈ ಮಸಿಯಂತೆ. ಸ್ಪ್ರೇ ಬಾಟಲಿಯಿಂದ ಒಂದು ಮೊಳ ದೂರದಲ್ಲಿ ಎರಡು ಸಲ ನೀರು ಚಿಮುಕಿಸಿದರೆ ಬೆವರಿನ ಜಾಡು ಮೂಡುತ್ತದೆ. ಎಣ್ಣೆಯ ಕಾಡಿಗೆ ನೀರಿಗೆ ಹರಿಯದು. ಜಾಡು ಬೇಕಿದ್ದ ಕಡೆ ಮಾತ್ರ ನೀರಲ್ಲಿ ಕಲಸುವ ಕಪ್ಪು ಬಳಸಿರಿ.

ಕೆಂಪನ್ನು ಬೆರಳಿನಿಂದಲೇ ಹಚ್ಚಬೇಕು. ತುಟಿಯಿಂದ ಶುರುಮಾಡಿ ಕಲೆಯ ಉಬ್ಬಿನ ಮೇಲೆ ಹೋಗಿ ಕಲೆ ಮುಗಿಯುವ ಮೊದಲೇ ನಿಲ್ಲಿಸಿರಿ. ಹಸಿ ರಕ್ತದ ಕೆಂಪು ಬೇಡ, ಕೆಂಪಿಗೆ ಚೂರು ಕಂದು ಸೇರಿಸಿರಿ. ಟಾಲ್ಕಂ ಪುಡಿಯನ್ನು ಬಿಳಿಯ ಮೇಲೆ ಮಾತ್ರ ತಟ್ಟಿರಿ. ಕಪ್ಪಿನ ಮೇಲೆ ಬಿದ್ದರೆ ಕಣ್ಣಿನ ಆಳವೇ ಹೋಗುತ್ತದೆ.

ಕೂದಲಿಗೆ ಹಿಂದಿನ ರಾತ್ರಿಯೇ ಎಣ್ಣೆ ಹಚ್ಚಿ ತೊಳೆಯದೆ ಬಿಡಿರಿ. ನೀರಿನಿಂದ ಹೋಗುವ ಹಸಿರು ಹೇರ್ ಕಲರನ್ನು ಜೆಲ್ಲಿನಲ್ಲಿ ಕಲಸಿ ಎಳೆ ಎಳೆಯಾಗಿ ಅಲ್ಲಲ್ಲಿ ಮಾತ್ರ. ಗಿಳಿಹಸಿರು ಕಂಡರೆ ವೇಷ ಕೆಟ್ಟಿತು. ಪಾಚಿಯ ಹಸಿರು ಬರಬೇಕು. ಹೋಳಿ ಬಣ್ಣ ತಲೆಗೆ ಹಾಕಬೇಡಿರಿ, ತುರಿಕೆ ಏಳುತ್ತದೆ.

ಕೋಟನ್ನು ಹಳೆಯದು ಮಾಡುವುದು

ಹೊಲಿಸುವುದಾದರೆ ಮೊಣಕಾಲಿನವರೆಗಿನ ಕೋಟಿಗೆ 58 ಇಂಚು ಪನ್ನದ ಅರಿವೆ ಸುಮಾರು 3 ಮೀಟರ್ ಬೇಕು. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಅಂಗಡಿಗಳಲ್ಲಿ ನೇರಳೆ ಬಣ್ಣ ಕೇಳಿದರೆ ಮೊದಲು ಹೊಳೆಯುವುದನ್ನೇ ಹರವುತ್ತಾರೆ; ಹೊಳಪಿಲ್ಲದ ದಪ್ಪ ಸೂಟಿಂಗ್ ಬಟ್ಟೆಯನ್ನೇ ಹಟ ಹಿಡಿದು ಕೇಳಿರಿ. ಹೊಲಿದಾದ ಮೇಲೆ ಕೋಟನ್ನು ಒದ್ದೆ ಮಾಡಿ, ಎರಡೂ ಕಿಸೆಗೆ ಮುಷ್ಟಿ ಗಾತ್ರದ ಕಲ್ಲು ತುಂಬಿ ಹ್ಯಾಂಗರ್‌ಗೆ ಹಾಕಿ ಒಣಗಿಸಿರಿ. ಕಿಸೆ ಜೋತು, ಭುಜ ಇಳಿದು, ವರ್ಷಗಟ್ಟಲೆ ಅದರಲ್ಲೇ ಮಲಗಿದವನ ಕೋಟಾಗುತ್ತದೆ. ಕಾಲರ್, ಮೊಣಕೈ, ತೋಳಿನ ಅಂಚನ್ನು 80 ನಂಬರ್ ಉಜ್ಜುಕಾಗದದಿಂದ ತಿಕ್ಕಿ, ಗಟ್ಟಿ ಚಹಾ ಡಿಕಾಕ್ಷನ್ ಚಿಮುಕಿಸಿರಿ.

ಬೆಳಕು ಮತ್ತು ಸದ್ದು

ಟ್ಯೂಬ್‌ಲೈಟಿನ ಸಮ ಬೆಳಕಲ್ಲಿ ಇಷ್ಟೂ ಶ್ರಮ ನೀರಿಗೆ ಬಿದ್ದಂತೆ. ಒಂದೇ ದೀಪ ಇರಲಿ, ತಲೆಯ ಮೇಲೆ ತುಸು ಮುಂದಕ್ಕೆ: ಕಣ್ಣಿನ ಗೂಡಿಗೆ ನೆರಳು ಬಿದ್ದು ಕಣ್ಣುಗುಡ್ಡೆಯ ಮಿಂಚು ಮಾತ್ರ ಉಳಿಯುತ್ತದೆ. ಚಿತ್ರದ ವಿಚಾರಣೆಯ ದೃಶ್ಯ ಮತ್ತೊಮ್ಮೆ ನೋಡಿರಿ. ಮಬ್ಬಿನಲ್ಲಿ ಶುರುವಾಗಿ, ದೀಪ ಹತ್ತಿದ ಕೂಡಲೇ ಬ್ಯಾಟ್‌ಮನ್ ಜೋಕರ್‌ನ ಬೆನ್ನ ಹಿಂದೆಯೇ ನಿಂತಿರುತ್ತಾನೆ. ರಂಗದ ಮೇಲೆ ಇದಕ್ಕೆ ಬೇಕಾದದ್ದು ಒಂದು ಸ್ವಿಚ್ಚು ಮತ್ತು ಸರಿಯಾಗಿ ಎಣಿಸಬಲ್ಲ ಒಬ್ಬ ಹುಡುಗ.

ಮೊಬೈಲಿನಲ್ಲಿ ತೆಗೆಯುವಾಗ ಬಿಳಿ ಮುಖ ಸುಟ್ಟಂತೆ ಬೆಳ್ಳಗಾಗುತ್ತದೆ, ತಟ್ಟಿದ ಬಿರುಕೆಲ್ಲ ಮಾಯ. ಮುಖದ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿರಿ. ನಮ್ಮ ವಿದ್ಯುತ್ತು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಸಾಮಾನ್ಯವಾಗಿ ದೀಪ ಮಿಣುಕುವುದು ನಿಲ್ಲುತ್ತದೆ.

ಚಿತ್ರದಲ್ಲಿ ಜೋಕರ್‌ನ ಸಂಗೀತ ರಾಗವೇ ಅಲ್ಲ. ಸಂಗೀತ ಸಂಯೋಜಕ ಹಾನ್ಸ್ ಜಿಮ್ಮರ್, ಸೆಲ್ಲೋ ಎಂಬ ದೊಡ್ಡ ಪಿಟೀಲಿನಂಥ ವಾದ್ಯದ ತಂತಿಯನ್ನು ಹಿಂಡಿ ತೆಗೆದ ಸದ್ದು ಅದು. ಧಾರವಾಡದಲ್ಲಿ ಹಾರ್ಮೋನಿಯಂಗೆ ಬರವಿಲ್ಲ. ಷಡ್ಜ ಮತ್ತು ಕೋಮಲ ರಿಷಭ ಎರಡೂ ಪಟ್ಟಿಯನ್ನು ಒಟ್ಟಿಗೆ ಒತ್ತಿ ತಿದಿಯನ್ನು ಸಾಧ್ಯವಾದಷ್ಟು ಮೆಲ್ಲಗೆ ಆಡಿಸಿರಿ. ಸ್ವರಗಳು ಒಂದನ್ನೊಂದು ತಿನ್ನುತ್ತ ಗುಂಯ್‌ಗುಡುತ್ತವೆ. ಅವನು ಬರುವ ಮೊದಲೇ ಅದು ಶುರುವಾಗಿರಲಿ, ಬಂದ ಕೂಡಲೇ ನಿಲ್ಲಲಿ.

ಬರವಣಿಗೆಗೆ ಒಂದೇ ಸೂಚನೆ: ಅವನಿಗೆ ಹಿಂದಿನ ಕಥೆ ಕೊಡಬೇಡಿರಿ. ಚಿತ್ರದಲ್ಲಿ ಅವನು ಗಾಯದ ಕಥೆಯನ್ನು ಎರಡು ಸಲ ಹೇಳುತ್ತಾನೆ, ಎರಡೂ ಬೇರೆ ಬೇರೆ. ಸಾಲ ಮಾಡಿ ಕೆಟ್ಟ ರೈತ, ಮೋಸ ಹೋದ ಪ್ರೇಮಿ ಎಂದು ಕಾರಣ ಜೋಡಿಸಿದಿರೋ, ಜನ ಮರುಗುತ್ತಾರೆ, ಹೆದರಿಕೆ ಅಲ್ಲಿಗೆ ಮುಗಿಯಿತು. ಲೆಜರ್ ನಾಲಿಗೆಯಿಂದ ತುಟಿ ಸವರಿಕೊಳ್ಳುವುದನ್ನು ನಕಲು ಮಾಡುವುದೂ ಬೇಡ. ಅಂಟಿಸಿದ ಕಲೆ ಸಡಿಲಾಗುತ್ತಿದೆ ಎನ್ನಿಸಿದಾಗ ನಿಮ್ಮ ನಟನ ನಾಲಿಗೆ ತಾನಾಗಿ ಅಲ್ಲಿಗೆ ಹೋಗುತ್ತದೆ. ತಾಲೀಮನ್ನು ಕಡೆಯ ಎರಡು ದಿನವಾದರೂ ಕಲೆ ಹಚ್ಚಿಕೊಂಡೇ ಮಾಡಿಸಿರಿ.

ಚೆನ್ನಮ್ಮ ವೃತ್ತದಲ್ಲೋ ಬಸ್ ನಿಲ್ದಾಣದಲ್ಲೋ ಈ ಮುಖ ಹೊತ್ತು ಚಿತ್ರೀಕರಿಸುವ ಆಸೆಯಿದ್ದರೆ ಆ ಭಾಗದ ಪೊಲೀಸ್ ಠಾಣೆಗೆ ಮೊದಲೇ ಬರೆದುಕೊಟ್ಟು ಅನುಮತಿ ಪಡೆಯಿರಿ. ಆಟಿಕೆ ಪಿಸ್ತೂಲು, ಮೊಂಡು ಚಾಕು ಕ್ಯಾಮೆರಾ ತಿರುಗುವವರೆಗೆ ಚೀಲದಲ್ಲೇ ಇರಲಿ. ನಿಜವಾದ ಚಾಕು ಯಾವ ಕಾರಣಕ್ಕೂ ಬೇಡ.

ಮುಗಿದ ಮೇಲೆ ಕಲೆಯನ್ನು ಕೀಳಬಾರದು. ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಅಂಚಿನ ಕೆಳಗೆ ಹತ್ತಿಯಿಂದ ಇಳಿಸುತ್ತ 5 ನಿಮಿಷ ಕಾದರೆ ತಾನೇ ಎದ್ದು ಬರುತ್ತದೆ. ಅದೇ ಎಣ್ಣೆಯಿಂದ ಮುಖವೆಲ್ಲ ತಿಕ್ಕಿ ಹಳೆ ಅರಿವೆಯಿಂದ ಒರೆಸಿ, ಆಮೇಲೆ ಸಬಕಾರ. ಕಣ್ಣಿನ ಸುತ್ತ ಎರಡು ಸಲ. ಮರುದಿನ ಗಡ್ಡ ಬೋಳಿಸುವುದು ಬೇಡ, ಚರ್ಮಕ್ಕೆ ಒಂದು ದಿನ ಬಿಡುವು ಕೊಡಿರಿ.