ವೈರಿಗೆ ರೊಕ್ಕ ಕೊಟ್ಟು ದೊಡ್ಡ ಕಾಳಗ ಕಟ್ಟುವುದು ಹೇಗೆ?

ದೀಪಾವಳಿ ರಜೆಗೆ ತಂಗಿಯ ಮಗ ವಿಜಯಪುರಕ್ಕೆ ಬಂದಿದ್ದ. ನಾನು ಲ್ಯಾಪ್‌ಟಾಪ್‌ನಲ್ಲಿ ‘ಮೆಡೀವಲ್ 2: ಟೋಟಲ್ ವಾರ್’ ಎಂಬ, ರಾಜ್ಯ ಕಟ್ಟಿ ಯುದ್ಧ ಮಾಡುವ ಆಟ ಹಚ್ಚಿಕೊಂಡು ಕೂತಿದ್ದೆ, ವೆನಿಸ್ ರಾಜ್ಯದ ಕಡೆಯಿಂದ. ನನ್ನ ರಾಯಭಾರಿ ಬೈಜಾಂಟಿನ್ ಸಾಮ್ರಾಜ್ಯದ ಊರ ಬಾಗಿಲಿಗೆ ಹೋಗಿ ಹತ್ತು ಸಾವಿರ ಫ್ಲೋರಿನ್ ಕಾಣಿಕೆ ಇಟ್ಟಿದ್ದನ್ನು ನೋಡಿ ಹುಡುಗ ಗಾಬರಿಯಾದ.

“ಮಾಮಾ, ನಾಳೆ ಇವರ ಕೂಡಾನ ಯುದ್ಧ ಮಾಡಾವ್ರು ನೀವು. ಇವರಿಗೇ ರೊಕ್ಕಾ ಕೊಡಾಕತ್ತೀರಲ್ಲ?”

ಯುದ್ಧ ಮಾಡಬೇಕಿತ್ತು, ಅದಕ್ಕೇ ಕೊಡುತ್ತಿದ್ದೆ. 2006ರ ಈ ಆಟ ಆಡಿದವರಿಗೆ ಇದರ ರೋಗ ಗೊತ್ತು. ಒಬ್ಬರಾದ ಮೇಲೊಬ್ಬರು ನಡೆ ಇಡುವ, ಒಟ್ಟು 225 ಸರದಿಗಳ ಆಟದಲ್ಲಿ ಅರ್ಧ ದಾರಿಗೆ ಬರುವಷ್ಟರಲ್ಲಿ ನೀವು ಉಬ್ಬಿರುತ್ತೀರಿ, ಉಳಿದವರು ಸೊರಗಿರುತ್ತಾರೆ. ನಿಮ್ಮ 20 ತುಕಡಿಗಳ ತುಂಬು ದಂಡಿನ ಎದುರಿಗೆ ಅವರ ನಾಲ್ಕು ತುಕಡಿ ಈಟಿಯವರು. ಕುಸ್ತಿ ಕಣದಲ್ಲಿ ಸರಿಜೋಡಿ ಹಚ್ಚದಿದ್ದರೆ ನೋಡಲು ಬಂದವರು ಎದ್ದು ಹೋಗುತ್ತಾರಲ್ಲ, ಹಾಗೆ. ಇದಕ್ಕೆ ಮದ್ದು, ಎದುರಿನ ಪೈಲ್ವಾನನ ಖುರಾಕಿನ ಖರ್ಚನ್ನೂ ನಾವೇ ಹಾಕುವುದು.

ಮೊದಲ ಹೆಜ್ಜೆ ಪೈಲ್ವಾನನನ್ನು ಆರಿಸುವುದು. ನಾನು ಎಡವಿದ್ದು ಇಲ್ಲೇ. ಒಂದು ಸಲ ಎರಡೇ ಊರು ಉಳಿದಿದ್ದ ಡೆನ್ಮಾರ್ಕ್ ಮೇಲೆ ಕನಿಕರ ಬಂದು ಖಜಾನೆ ಸುರಿದೆ. ಹತ್ತು ಸರದಿ ಕಾದರೂ ಬಂದಿದ್ದು ಅದೇ ಈಟಿಯವರು. ಈ ಆಟದಲ್ಲಿ ರೊಕ್ಕವೊಂದಿದ್ದರೆ ಸೈನಿಕರು ಸಿಗುವುದಿಲ್ಲ. ಪ್ರತಿ ಊರಲ್ಲೂ ಒಂದೊಂದು ಬಗೆಯ ತುಕಡಿ ಇಷ್ಟೇ ಎಂದು ಇರುತ್ತದೆ. ಒಮ್ಮೆ ಭರ್ತಿಯಾದರೆ ಮತ್ತೆ ತುಂಬಲು ಹಲವು ಸರದಿ ಬೇಕು. ಅದರಲ್ಲೂ ಒಳ್ಳೆಯ ಕುದುರೆ ದಂಡು, ಬಲವಾದ ಕಾಲಾಳು ಹೆಚ್ಚಾಗಿ ಕೋಟೆಗಳಲ್ಲಿ ಸಿಗುತ್ತಾರೆ, ಪೇಟೆಯ ಊರುಗಳಲ್ಲಲ್ಲ. ಆದ್ದರಿಂದ ಐದಾರು ಊರು, ಅದರಲ್ಲಿ ಒಂದೆರಡಾದರೂ ದೊಡ್ಡ ಕೋಟೆ ಇರುವ ರಾಜ್ಯವನ್ನೇ ಹಿಡಿಯಿರಿ.

ನೀವು ಕ್ಯಾಥೊಲಿಕ್ ರಾಜ್ಯವಾಗಿ ಆಡುತ್ತಿದ್ದರೆ ಇನ್ನೊಂದು ಮಾತು. ಮಿಲಾನ್, ಫ್ರಾನ್ಸ್ ಇವರನ್ನು ಸಾಕಿ ಬೆಳೆಸಿ ಮೈಮೇಲೆ ಹೋದಿರೋ, ಯುದ್ಧ ನಿಲ್ಲಿಸು ಎಂದು ಪೋಪ್ ಕಟ್ಟಪ್ಪಣೆ ಬರುತ್ತದೆ, ಕೇಳದಿದ್ದರೆ ಬಹಿಷ್ಕಾರ. ಕ್ಯಾಥೊಲಿಕರಲ್ಲದ ಬೈಜಾಂಟಿನರು, ತುರ್ಕರು, ಈಜಿಪ್ಟಿನವರ ವಿಷಯದಲ್ಲಿ ಆ ತಕರಾರಿಲ್ಲ.

ಇನ್ನು ರೊಕ್ಕ ಮುಟ್ಟಿಸುವ ದಾರಿ. ಎರಡಿವೆ, ಎರಡರ ಫಲ ಬೇರೆ ಬೇರೆ. ರಾಯಭಾರಿಯ ಕೈಯಲ್ಲಿ ಕಳಿಸಿದರೆ ಸ್ನೇಹವೂ ಜೊತೆಗೆ ಹೋಗುತ್ತದೆ. ಅತಿಯಾದರೆ ಅವರು ನಿಮ್ಮೊಡನೆ ಜಗಳಕ್ಕೇ ಬರುವುದಿಲ್ಲ, ಮೈತ್ರಿ ಮಾಡೋಣ ಬಾ ಎನ್ನುತ್ತಾರೆ. ನಿಮ್ಮ ಎದುರಾಳಿಯ ಮೇಲೆ ಮೂರನೆಯವರನ್ನು ಛೂ ಬಿಡಬೇಕಿದ್ದರೆ ಈ ದಾರಿ ಸರಿ. ನಿಮ್ಮ ಎದುರಾಳಿಯನ್ನೇ ಬೆಳೆಸಬೇಕಿದ್ದರೆ ಗುಪ್ತದಾನ ಮೇಲು. ಎಸ್ಕೇಪ್ ಕೀಲಿಯ ಕೆಳಗಿನ ಕೀಲಿ ಒತ್ತಿದರೆ ಕನ್ಸೋಲ್, ಅಂದರೆ ಆಟಕ್ಕೆ ನೇರವಾಗಿ ಅಪ್ಪಣೆ ಬರೆಯುವ ಕಿಟಕಿ, ತೆರೆಯುತ್ತದೆ. ಅಲ್ಲಿ ‘ಆ್ಯಡ್’, ‘ಮನಿ’ ಎರಡನ್ನೂ ಅಂಡರ್‌ಸ್ಕೋರ್‌ನಿಂದ ಜೋಡಿಸಿ, ಆಮೇಲೆ ರಾಜ್ಯದ ಹೆಸರು, ಅಲ್ಪವಿರಾಮ, ಮೊತ್ತ. ಹೆಸರು ಆಟದ ಫೈಲ್‌ಗಳಲ್ಲಿ ಇರುವಂಥದ್ದೇ ಬೇಕು. ಹೋಲಿ ರೋಮನ್ ಎಂಪೈರ್‌ಗೆ ಬರೀ ‘ಎಚ್‌ಆರ್‌ಇ’. ಒಂದು ಸಲಕ್ಕೆ 40,000ದ ಮೇಲೆ ಹೋಗುವುದಿಲ್ಲ. ಇದು ಮೋಸವಲ್ಲವೇ ಎಂದರೆ, ಎದುರಿನವನ ಕೈ ಗಟ್ಟಿ ಮಾಡುವ ಮೋಸಕ್ಕೆ ಯಾರು ಬೈಯುತ್ತಾರೆ?

ಇಡಿಗಂಟು ಮಾತ್ರ ಕೊಡಬೇಡಿ. ದಂಡು ಕಟ್ಟುವ ಖರ್ಚಿಗಿಂತ ಅದನ್ನು ಸಾಕುವ ಖರ್ಚು ದೊಡ್ಡದು. ತುಕಡಿಗೆ ಸರದಿಗೆ 150 ಫ್ಲೋರಿನ್ ಎಂದು ಹಿಡಿದರೂ 20 ತುಕಡಿಗೆ 3,000 ಆಯಿತು. ಒಮ್ಮೆ 40,000 ಕೊಟ್ಟು ಕೈತೊಳೆದುಕೊಂಡರೆ ಅವರು ಮೂರು ದಂಡು ಕಟ್ಟುತ್ತಾರೆ, ಕೆಲವೇ ಸರದಿಯಲ್ಲಿ ಖಜಾನೆ ಬರಿದು, ಮುಂದೆ ಸಾಲ, ಹೊಸ ಭರ್ತಿ ಬಂದ್. ರಾಯಭಾರಿಯ ಪಟ್ಟಿಯಲ್ಲಿ ಇಂತಿಷ್ಟು ಸರದಿ ಇಂತಿಷ್ಟು ಎಂದು ಕಪ್ಪ ಕಟ್ಟುವ ಆಯ್ಕೆ ಇದೆ, ಅದನ್ನು ಒತ್ತಿ. ಗುಪ್ತದಾನವಾದರೂ ಕಂತಿನಲ್ಲೇ ಇರಲಿ.

ಕೊಟ್ಟ ಮೇಲೆ ಅವರ ಕೋಟೆಗೆ ಒಬ್ಬ ಗೂಢಚಾರನನ್ನು ನುಗ್ಗಿಸಿ. ಒಳಗೆ ಯಾವ ತುಕಡಿಗಳಿವೆ, ಏನು ಕಟ್ಟಿದ್ದಾರೆ ಎಲ್ಲ ಕಾಣುತ್ತದೆ. ನಿಮ್ಮ ರೊಕ್ಕದಲ್ಲಿ ಅವರು ತೋಪು ಎರಕ ಹೊಯ್ಯಲು ಶುರುಮಾಡಿದ್ದರೆ ಮೊದಲೇ ಗೊತ್ತಿರುವುದು ಒಳ್ಳೆಯದು. ನಮ್ಮೂರ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಕೂಡ ವೈರಿಯ ಮನೆಯದೇ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಪರಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ಬಂತು.

ಈ ಆಟವನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ನಮ್ಮ ಸೀಮೆಯಲ್ಲೇ ಆಡಿದ್ದಾರೆ. ವಿಜಯನಗರದ ರಾಮರಾಯ ಸುಲ್ತಾನರ ಜಗಳದಲ್ಲಿ ಒಮ್ಮೆ ಒಬ್ಬನ ಬೆನ್ನಿಗೆ, ಇನ್ನೊಮ್ಮೆ ಇನ್ನೊಬ್ಬನ ಬೆನ್ನಿಗೆ ನಿಂತವನು. 1558ರ ಸುಮಾರಿಗೆ ನಮ್ಮ ವಿಜಯಪುರದ ಸುಲ್ತಾನ ಅಲಿ ಆದಿಲ್ ಶಾಹನ ಜೊತೆಗೂಡಿ ಅಹ್ಮದ್‌ನಗರದ ಮೇಲೆ ದಂಡು ಒಯ್ದ. ಆಮೇಲೆ ಅದೇ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ ಮಗಳು ಚಾಂದಬೀಬಿಯನ್ನು ಅಲಿ ಆದಿಲ್ ಶಾಹನಿಗೆ ಕೊಟ್ಟು ಬೀಗತನ ಬೆಳೆಸಿದ. ಗೋಲ್ಕೊಂಡ, ಬೀದರ್ ಕೂಡಿಕೊಂಡವು. 1565ರ ಜನವರಿಯಲ್ಲಿ, ತಾಳಿಕೋಟೆ ಯುದ್ಧವೆಂದು ನಾವು ಕರೆಯುವ ಕಾಳಗದಲ್ಲಿ, ನಾಲ್ವರೂ ಒಟ್ಟಿಗೆ ರಾಮರಾಯನ ಎದುರು ನಿಂತರು. ಅವನಿಗೆ ಹಿಂದಿನ ಸೇವ್ ಫೈಲ್ ಇರಲಿಲ್ಲ. ನೀವು ಮಾತ್ರ ಪ್ರತಿ ಕಂತಿಗೂ ಮೊದಲು ಬೇರೆ ಹೆಸರಲ್ಲಿ ಒಂದೊಂದು ಸೇವ್ ಇಟ್ಟುಕೊಳ್ಳಿ.

ದಂಡು ಬೆಳೆದ ಮೇಲೆ ಅದನ್ನು ಒಂದೇ ಕಣಕ್ಕೆ ತರಬೇಕು. ನಕ್ಷೆಯಲ್ಲಿ ಪಕ್ಕಪಕ್ಕ ನಿಂತ ದಂಡುಗಳು ಒಂದೇ ಕಾಳಗಕ್ಕೆ ಕೂಡಿಕೊಳ್ಳುತ್ತವೆ. ಬಿಡಿಬಿಡಿಯಾಗಿ ಸಿಕ್ಕವರನ್ನು ಹೊಡೆಯುವ ಆಸೆ ತಡೆದುಕೊಳ್ಳಿ. ಅವರ ಒಂದು ದೊಡ್ಡ ಊರಿಗೆ ಮುತ್ತಿಗೆ ಹಾಕಿ ಸುಮ್ಮನೆ ಕೂತರೆ, ಬಿಡಿಸಲು ಹೊರಗಿನ ದಂಡು ಬಂದಾಗ ಒಳಗಿನವರೂ ಬಾಗಿಲು ತೆಗೆದು ಹೊರಬರುತ್ತಾರೆ. ನಿಮ್ಮದೂ ಎರಡನೆಯ ದಂಡು ಮಗ್ಗುಲಲ್ಲಿ ಇರಲಿ. ಸೆಟ್ಟಿಂಗ್ಸ್‌ನಲ್ಲಿ ತುಕಡಿಯ ಗಾತ್ರ ‘ಹ್ಯೂಜ್’ ಮಾಡಲು ಆಟ ಶುರುಮಾಡುವ ಮೊದಲೇ ನೆನಪಿಡಿ. ಆಗ ಕಾಲಾಳಿನ ಎಷ್ಟೋ ತುಕಡಿಗಳಲ್ಲಿ 150 ಜನ ಇರುತ್ತಾರೆ. ಲ್ಯಾಪ್‌ಟಾಪ್ ಏದುಸಿರು ಬಿಟ್ಟರೆ ನೆರಳು, ಹುಲ್ಲು ಕಡಿಮೆ ಮಾಡಿ. ಹುಲ್ಲು ನೋಡಲು ಯಾರೂ ಯುದ್ಧಕ್ಕೆ ಹೋಗುವುದಿಲ್ಲ.

ಯುರೋಪಾ ಯೂನಿವರ್ಸಾಲಿಸ್ 4 ಎಂಬ ಇನ್ನೊಂದು ಆಟದಲ್ಲಿ ಇದೇ ಕೆಲಸಕ್ಕೆ ತಿಂಗಳ ಸಬ್ಸಿಡಿ ಎಂಬ ಆಯ್ಕೆಯೇ ಇದೆ. ಟೋಟಲ್ ವಾರ್ ಸಾಲಿನದೇ 2009ರ ಆಟ ‘ಎಂಪೈರ್’ನಲ್ಲಿ ರಾಯಭಾರಿ ನಡೆದು ಹೋಗುವ ತ್ರಾಸಿಲ್ಲ, ಕೂತಲ್ಲಿಂದಲೇ ಕೊಡಬಹುದು.

ಬೈಜಾಂಟಿನರ ಜೊತೆಗಿನ ಆ ಕಾಳಗ ಕೊನೆಗೂ ಒಂದು ಸೇತುವೆಯ ಬಳಿ ಕೂಡಿಬಂತು. ಅವರ ಎರಡು ತುಂಬು ದಂಡು, ನನ್ನವೂ ಎರಡು. ಹುಡುಗ ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ಪಕ್ಕದಲ್ಲೇ ಕೂತ. ಮುಂದಿನ ಸಾಲು ಸೇತುವೆಯ ಮೇಲೆ ಕೂಡುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತು ವರ್ಷವಾಗಿದೆ, ಮತ್ತು ಕಾಳಗದ ನಡುವೆ ಸೇವ್ ಮಾಡಲು ಈ ಆಟ ಬಿಡುವುದಿಲ್ಲ.

ಮುಕ್ಕಾಲು ತಾಸಿನ ಮೇಲೆ ಕರೆಂಟ್ ಬಂತು. ಹಿಂದಿನ ಸೇವ್ ತೆರೆದರೆ ಬೈಜಾಂಟಿನರು ಸೇತುವೆಯಾಚೆ ಹಾಗೇ ನಿಂತಿದ್ದರು, ನನ್ನ ರೊಕ್ಕದ ಕುದುರೆಗಳ ಮೇಲೆ.

“ಸರೀರಿ ಮಾಮಾ,” ಎಂದು ಹುಡುಗ ಮೌಸ್ ಕಸಿದುಕೊಂಡ. “ಈ ಸಲ ನಾ ಆಡತೀನಿ.”