ಟ್ಯಾಂಕಿನ ನೀರಿಗೆ ಬಿ.ಪಿ. ಯಂತ್ರ: ನನ್ನ ಅನುಭವ

ಮುಂಬೈನ ಮುಲುಂಡ್‌ನಲ್ಲಿರುವ ನಮ್ಮ ಸೊಸೈಟಿಯ ತಾರಸಿಯ ಮೇಲೆ ಎರಡು ಟ್ಯಾಂಕುಗಳಿವೆ. ಅವುಗಳಲ್ಲಿ ನೀರು ಎಷ್ಟಿದೆ ಎಂದು ಈಗ ಹೇಳುತ್ತಿರುವುದು ಕೆಟ್ಟ ಬಿ.ಪಿ. ಯಂತ್ರಗಳಿಂದ ಕಳಚಿ ತೆಗೆದ ಗಾಳಿ ಪಂಪು, ಕವಾಟ ಮತ್ತು ಇನ್ನೂರು ರೂಪಾಯಿ ಆಸುಪಾಸಿನ ಒಂದು ಒತ್ತಡದ ಸೆನ್ಸರ್. ಎರಡನೆಯ ಮುಂಗಾರನ್ನು ಒಂದು ದೂರೂ ಇಲ್ಲದೆ ದಾಟಿದೆ. ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪರಿಚಯವಾದ ಗೆಳೆಯರು ಇದು ಆಗದ ಕೆಲಸ ಎಂದು ತಲೆಯಾಡಿಸಿದ್ದರು. ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನೇ "ಮಾವ, ಈ ಕಾಲದಲ್ಲಿ ಗಾಳಿ ಊದಿ ನೀರು ಅಳೆಯುವವರು ಯಾರಿದ್ದಾರೆ?" ಎಂದಿದ್ದ. ಈಗ ತಮ್ಮ ಕಟ್ಟಡಕ್ಕೂ ಮಾಡಿಕೊಡಿ ಎಂದು ಕೇಳುವವರು ಬರುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ನಮ್ಮಲ್ಲಿ ಪಾಲಿಕೆಯ ನೀರು ಬರುವುದು ಬೆಳಗಿನ ಕೆಲವೇ ಗಂಟೆ. ಅಷ್ಟರಲ್ಲಿ ನೆಲದಡಿಯ ಟ್ಯಾಂಕ್ ತುಂಬಬೇಕು, ಅಲ್ಲಿಂದ ಮೇಲಕ್ಕೆ ಏರಿಸಬೇಕು. ವಾಚ್‌ಮನ್ ಅಂದಾಜಿನ ಮೇಲೆ ಪಂಪ್ ಹಾಕುತ್ತಿದ್ದ. ಒಂದು ದಿನ ತಾರಸಿಯಿಂದ ನೀರು ಸುರಿಯುತ್ತಿತ್ತು, ಮತ್ತೊಂದು ದಿನ ಏಳನೆಯ ಮಹಡಿಯವರ ಬಕೆಟ್ ಖಾಲಿ. ಬೇಸಿಗೆ ಕೊನೆಯಲ್ಲಿ ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳ ಮಟ್ಟ ಇಳಿದರೆ ಪಾಲಿಕೆ ಕಡಿತ ಹಾಕುತ್ತದೆ. 2024ರ ಜೂನ್‌ನಲ್ಲಿ ಶೇ. 10ರಷ್ಟು ಕಡಿತವಾದಾಗ ನಾವು ಟ್ಯಾಂಕರ್‌ಗೆ ಕೊಟ್ಟ ಹಣ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ನೀರು ತಾಗಿದಾಗ ಕರೆಂಟು ಹರಿಯುವ ಸ್ಟೀಲ್ ಕಡ್ಡಿಗಳನ್ನು ಇಳಿಬಿಟ್ಟರೆ ಕೆಲವೇ ತಿಂಗಳಲ್ಲಿ ಅವುಗಳ ಮೇಲೆ ಪೊರೆ ಕಟ್ಟಿ ನೀರು ಇದ್ದರೂ ಇಲ್ಲ ಎನ್ನತೊಡಗಿದವು. ಆಮೇಲೆ ಮೇಲಿನಿಂದ ಶಬ್ದದ ಅಲೆ ಕಳಿಸಿ ನೀರಿನ ದೂರ ಅಳೆಯುವ ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್. ಅದಕ್ಕೆ ಮೊದಲ 20–25 ಸೆಂ.ಮೀ. ಕಾಣುವುದೇ ಇಲ್ಲ, ತುಂಬಿ ಹರಿಯುವ ಹಂತವೇ ನಮಗೆ ಮುಖ್ಯ, ಅಲ್ಲಿಯೇ ಅದು ಕುರುಡು. ಮುಚ್ಚಿದ ಟ್ಯಾಂಕಿನೊಳಗಿನ ಹಬೆ ಅದರ ಮುಖದ ಮೇಲೆ ಹನಿಗಟ್ಟಿದರಂತೂ ಮುಗಿಯಿತು. ಟ್ಯಾಂಕಿನ ಏಣಿಯ ಮೆಟ್ಟಿಲನ್ನೇ ನೀರೆಂದು ಅಳೆದು ಕೊಟ್ಟದ್ದೂ ಇದೆ. ಐನೂರು ರೂಪಾಯಿಯಂತೆ ಹಲವನ್ನು ಬದಲಾಯಿಸಿದೆ. ಕೊನೆಗೆ ನೀರಿನಲ್ಲಿ ಮುಳುಗಿಸುವ, ಒತ್ತಡವನ್ನು 4–20 ಮಿಲಿಆಂಪಿಯರ್ ಕರೆಂಟಾಗಿ ತಿಳಿಸುವ ಸೆನ್ಸರ್ ತಂದೆ, ಐದು ಸಾವಿರದ ಹತ್ತಿರ. ಅದರ ಕೇಬಲ್‌ನೊಳಗೆ ಹೊರಗಿನ ಗಾಳಿಗಾಗಿ ಸಣ್ಣ ಕೊಳವೆ ಇರುತ್ತದೆ. ಜುಲೈನ ತೇವ ಅದರೊಳಗೆ ಇಳಿಯಿತು, ಸೆನ್ಸರ್ ಸತ್ತಿತು. ಎಲ್ಲ ಸೇರಿ ಹನ್ನೆರಡು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು.

ಆಗಲೇ ಒಂದು ನಿಶ್ಚಯ ಮಾಡಿದೆ: ಮುಂಬೈ ಟ್ಯಾಂಕಿನೊಳಗೆ ವಿದ್ಯುತ್ತಿನ ಯಾವ ವಸ್ತುವೂ ಇರಬಾರದು.

ನನ್ನ ಕಸುಬು ಆಸ್ಪತ್ರೆ ಸಾಧನಗಳ ರಿಪೇರಿ. ಬಿ.ಪಿ. ಯಂತ್ರದಲ್ಲಿ ಏನಿರುತ್ತದೆ ಎಂದರೆ, ಗಾಳಿ ತುಂಬುವ ಪಂಪು, ಗಾಳಿ ಬಿಡುವ ಕವಾಟ, 300 ಮಿ.ಮೀ. ಪಾದರಸದವರೆಗೆ ಅಳೆಯುವ ಸೆನ್ಸರ್. ನಮ್ಮ ಟ್ಯಾಂಕಿನ ಆಳ 1.8 ಮೀಟರ್, ಅಂದರೆ ಸುಮಾರು 132 ಮಿ.ಮೀ. ಪಾದರಸ. ಹೇಳಿ ಮಾಡಿಸಿದ ಹಾಗಿದೆ! ಕೊಳವೆಯೊಂದನ್ನು ತಳದವರೆಗೆ ಇಳಿಸಿ, ತುದಿಯಿಂದ ಗುಳ್ಳೆ ಹೊರಡುವವರೆಗೆ ಗಾಳಿ ಊದಿ ನಿಲ್ಲಿಸಿದರೆ ಕೊಳವೆಯೊಳಗಿನ ಒತ್ತಡವೇ ನೀರಿನ ಎತ್ತರ. ನದಿ, ಬಾವಿಗಳ ಮಟ್ಟ ನೋಡಲು ಬಹಳ ಹಿಂದಿನಿಂದಲೂ ಬಳಸುವ ವಿಧಾನ ಇದು. ಸೆನ್ಸರ್ ಮಾತ್ರ ಹೊಸದು ಹಾಕಿದೆ: 40 ಕಿಲೊಪಾಸ್ಕಲ್‌ನದು, ಅಳತೆಯನ್ನು ಅಂಕಿಯಾಗಿಸುವ ಎಚ್‌ಎಕ್ಸ್710ಬಿ ಚಿಪ್ ಇರುವ ಹಸಿರು ಬೋರ್ಡ್. ನಿಮ್ಮಲ್ಲಿ ಹಲವರ ಡಬ್ಬಿಯಲ್ಲಿ ಅದು ಈಗಾಗಲೇ ಬಿದ್ದಿರಬಹುದು.

ನೀರಿಗೆ ಇಳಿಯುವುದು ಆರ್‌ಒ ಫಿಲ್ಟರ್‌ಗಳಿಗೆ ಹಾಕುವ ಕಾಲು ಇಂಚಿನ ಪೈಪ್. "ಕುಡಿಯುವ ನೀರಿಗೆ ಆಸ್ಪತ್ರೆಯ ಸಾಮಾನು ಹಾಕುತ್ತೀರಾ?" ಎಂದು ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ನನ್ನ ಉತ್ತರ ಡಯಾಲಿಸಿಸ್ ಯಂತ್ರದಿಂದ ಬಂತು: ಅಲ್ಲಿ ರಕ್ತ ಸೆನ್ಸರ್‌ಗೆ ತಾಗದಂತೆ ಬಿಲ್ಲೆಯಾಕಾರದ ಪುಟ್ಟ ಫಿಲ್ಟರ್ ಹಾಕುತ್ತಾರೆ. ಗಾಳಿ ದಾಟುತ್ತದೆ, ನೀರು ದಾಟುವುದಿಲ್ಲ, 0.2 ಮೈಕ್ರಾನ್‌ಗಿಂತ ದೊಡ್ಡ ಕಣವೂ ದಾಟುವುದಿಲ್ಲ. ಪ್ಯಾಕೆಟ್ ಒಡೆಯದ ಹೊಸದು ಮೂವತ್ತು ರೂಪಾಯಿಯೊಳಗೆ ಸಿಗುತ್ತದೆ. ಊದುವ ಗಾಳಿಯೆಲ್ಲ ಅದರ ಮೂಲಕವೇ ಹೋಗುತ್ತದೆ. ಆ ಹಿರಿಯರು ಪ್ಯಾಕೆಟ್ ಬಿಡಿಸಿ ನೋಡಿ ಒಪ್ಪಿದರು.

ಮೊದಲ ಜೋಡಣೆಯಲ್ಲಿ ಮೇ ತಿಂಗಳ ಬಿಸಿಲು ಕಾಟ ಕೊಟ್ಟಿತು. ತಾರಸಿಯ ಪೆಟ್ಟಿಗೆ ಕಾದಂತೆ ಸೆನ್ಸರ್‌ನ ಸೊನ್ನೆಯೇ ಸರಿಯುತ್ತಿತ್ತು. ಮಧ್ಯಾಹ್ನ ಯಾರೂ ನೀರು ಏರಿಸದಿದ್ದರೂ ಟ್ಯಾಂಕ್ ತುಂಬುತ್ತಿದ್ದಂತೆ ತೋರುತ್ತಿತ್ತು. ಪರಿಹಾರ ಬಿ.ಪಿ. ಯಂತ್ರದಲ್ಲೇ ಇತ್ತು. ಪ್ರತಿ ಸಲ ಮೊದಲು ಕವಾಟ ತೆರೆದು ಹೊರಗಿನ ಗಾಳಿಯನ್ನು ಸೊನ್ನೆ ಎಂದು ಓದಿಸುವುದು, ಆಮೇಲೆ ಕವಾಟ ಮುಚ್ಚಿ ಮೂರು ನಾಲ್ಕು ಸೆಕೆಂಡು ಊದಿ, ತುಸು ತಡೆದು ಮತ್ತೆ ಓದಿಸುವುದು. ವ್ಯತ್ಯಾಸವೇ ಉತ್ತರ. ಬಿಸಿಲಿನ ಕಾಟ ಅಲ್ಲಿಗೆ ನಿಂತಿತು. ಪಂಪಿನ ಮುಂದೆ ಅಕ್ವೇರಿಯಂನ ಏಕಮುಖ ಕವಾಟ ಇರಲೇಬೇಕು, ಇಲ್ಲದಿದ್ದರೆ ಗಾಳಿ ಹಿಂದಕ್ಕೆ ಸೋರುತ್ತದೆ.

ಮಳೆಗಾಲದಲ್ಲಿ ಇನ್ನೊಂದು. ಪೈಪ್ ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ತೇವ ಇಳಿದು ನೀರು ನಿಂತು, ಅಳತೆ ಒಂದು ಗೇಣಿನಷ್ಟು ಹೆಚ್ಚು ತೋರಿತು. ಪೆಟ್ಟಿಗೆ ಟ್ಯಾಂಕಿಗಿಂತ ಮೇಲೆ, ಪೈಪ್ ಉದ್ದಕ್ಕೂ ಟ್ಯಾಂಕಿನ ಕಡೆಗೇ ಇಳಿಜಾರು: ಇದನ್ನು ಬಿಟ್ಟುಕೊಡಬೇಡಿ. ಗುಳ್ಳೆ ಒಡೆಯುವಾಗ ಅಳತೆ ಒಂದೆರಡು ಸೆಂ.ಮೀ. ಕುಣಿಯುವುದನ್ನು ನಿಲ್ಲಿಸಲು ಪೈಪಿನ ತುದಿಯನ್ನು ನಾನು ಒಂದು ಬಗೆಯಲ್ಲಿ ಕತ್ತರಿಸುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಆರ್‌ಒ ಜೋಡಣೆಗಳಿಗೆ ಏನು ಸವರುತ್ತೇನೆ ಎಂಬುದನ್ನೂ.

ತಾರಸಿಯಿಂದ ಕೆಳಗಿನ ಪಂಪ್ ಕೋಣೆಗೆ ವೈಫೈ ಮುಟ್ಟಲಿಲ್ಲ, ಅಷ್ಟು ಕಾಂಕ್ರೀಟ್. ಕ್ಯಾಟ್-5 ನೆಟ್‌ವರ್ಕ್ ಕೇಬಲ್‌ನಲ್ಲಿ, ದೂರಕ್ಕೆ ಸಂಕೇತ ಕಳಿಸಲು ಬಳಸುವ ಆರ್‌ಎಸ್-485 ಎಳೆದೆ. ಪಂಪಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಡುವಾಗಲೆಲ್ಲ ಇಎಸ್‌ಪಿ8266 ಎಂಬ ಪುಟ್ಟ ನಿಯಂತ್ರಕ ಚಿಪ್ ರೀಸೆಟ್ ಆಗುತ್ತಿತ್ತು. ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಅಡ್ಡವಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಸುಮ್ಮನಾಯಿತು.

ನಡುವೆ ಒಂದೆರಡು ದಾರಿ ತಪ್ಪಿದ ಪ್ರಯೋಗಗಳೂ ನಡೆದವು. ಹೊರಗಾಳಿಯ ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್ ಒಂದನ್ನು ಲಿಫ್ಟ್‌ನಲ್ಲಿಟ್ಟು ನೋಡಿದೆ. ಒಂದು ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು 12 ಪಾಸ್ಕಲ್ ಇಳಿಯುತ್ತದೆ, ಹಾಗಾಗಿ ಲಿಫ್ಟ್ ಯಾವ ಮಹಡಿಯಲ್ಲಿದೆ ಎಂದು ಒಂದು ತಂತಿಯನ್ನೂ ಮುಟ್ಟದೆ ತಿಳಿಯಿತು. ಹವೆ ಬದಲಾದಂತೆ ಕೆಳಗಿನ ಮಹಡಿಯಲ್ಲಿ ಮತ್ತೆ ಮತ್ತೆ ಸೊನ್ನೆ ಹಿಡಿಸಬೇಕು ಅಷ್ಟೆ. ಮಾಟುಂಗಾದಲ್ಲಿ ಹೋಟೆಲ್ ನಡೆಸುವ ನಮ್ಮೂರಿನವರೊಬ್ಬರು ಇದನ್ನು ಕೇಳಿ, "ಮಾರಾಯರೇ, ಇಡ್ಲಿ ಹಿಟ್ಟು ಹುದುಗಿದೆಯೇ ಎಂದು ಹೇಳಿಸಲು ಆಗುತ್ತದೆಯೇ?" ಎಂದರು. ಆಳದಲ್ಲಿ ವ್ಯತ್ಯಾಸವಿರುವ ಎರಡು ಕೊಳವೆಗಳಲ್ಲಿ ಗಾಳಿ ಊದಿದರೆ ಹಿಟ್ಟಿನ ಸಾಂದ್ರತೆ ಸಿಗಬೇಕು, ಹುದುಗಿದಂತೆ ಅದು ಇಳಿಯಬೇಕು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಹಿಟ್ಟು ಕೊಳವೆಯ ಬಾಯಿ ಕಟ್ಟಿತು. ಕೊನೆಗೆ ಪಾತ್ರೆಯ ಮೇಲಿನಿಂದ ವಿಎಲ್53ಎಲ್0ಎಕ್ಸ್ ಲೇಸರ್ ಸೆನ್ಸರ್ ಇಳಿಬಿಟ್ಟು ಹಿಟ್ಟು ಉಬ್ಬುವುದನ್ನೇ ಅಳೆದೆ. ಬಿಳಿ ಹಿಟ್ಟಿನಿಂದ ಬೆಳಕು ಚೆನ್ನಾಗಿ ಮರಳುತ್ತದೆ. ಅದು ಅಲ್ಲಿ ಈಗಲೂ ಓಡುತ್ತಿದೆ.

ಖರ್ಚಿನ ಮಾತು. ಪೆಟ್ಟಿಗೆ, ಪವರ್ ಸಪ್ಲೈ, ಪೈಪ್ ಎಲ್ಲ ಸೇರಿ ಒಂದು ಟ್ಯಾಂಕಿಗೆ ಎರಡೂವರೆ ಸಾವಿರ ದಾಟಲಿಲ್ಲ, ಕೇಬಲ್ ಬೇರೆ. ಬಿ.ಪಿ. ಯಂತ್ರದ ಭಾಗಗಳು ನನಗೆ ಪುಕ್ಕಟೆ, ಕೊಳ್ಳುವುದಾದರೆ ಇನ್ನೊಂದು ನಾನೂರು ಸೇರಿಸಿಕೊಳ್ಳಿ. ಆದರೆ ಹಣ ಮರಳಿದ್ದು ನಾನು ನಿರೀಕ್ಷಿಸದ ಕಡೆಯಿಂದ. ನಮ್ಮ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಎಂದರೆ ಸುಮಾರು 110 ಲೀಟರ್. ರಾತ್ರಿ ಎರಡರಿಂದ ನಾಲ್ಕರವರೆಗೆ, ಇಡೀ ಕಟ್ಟಡ ಮಲಗಿರುವಾಗ, ಕಟ್ಟಡದ ಬಿ ವಿಂಗ್‌ನ ಟ್ಯಾಂಕಿನ ಮಟ್ಟ ಮೂರು ಸೆಂ.ಮೀ. ಇಳಿಯುತ್ತಿತ್ತು. ಇಪ್ಪತ್ನಾಲ್ಕು ಗಂಟೆಗೆ ಲೆಕ್ಕ ಹಾಕಿದರೆ ನಾಲ್ಕು ಸಾವಿರ ಲೀಟರ್ ಹತ್ತಿರ. ಕಾಗದದಲ್ಲಿ ಗೆರೆ ಎಳೆದು ಕಾರ್ಯದರ್ಶಿಯ ಮುಂದೆ ಇಟ್ಟೆ. ಪ್ಲಂಬರ್ ಮನೆಮನೆಗೆ ಹೋಗಿ ನೋಡಿದಾಗ ಕೆಲವು ಫ್ಲಷ್ ಟ್ಯಾಂಕುಗಳು ಸದ್ದಿಲ್ಲದೆ ಸೋರುತ್ತಿದ್ದವು. ವಾಷರ್ ಬದಲಾಯಿಸಿದ ಮೇಲೆ ರಾತ್ರಿಯ ಗೆರೆ ಬಹುತೇಕ ನೇರವಾಯಿತು, ಮರುವರ್ಷದ ಬೇಸಿಗೆಯಲ್ಲಿ ಟ್ಯಾಂಕರ್ ಕರೆಸಿದ್ದು ಅರ್ಧಕ್ಕೂ ಕಡಿಮೆ. ಯಾವ ಅಲ್ಟ್ರಾಸಾನಿಕ್‌ಗೂ ನಮ್ಮ ಟ್ಯಾಂಕಿನಲ್ಲಿ ಆ ಮೂರು ಸೆಂ.ಮೀ. ನಂಬುವಂತೆ ಸಿಕ್ಕಿರಲಿಲ್ಲ.

ಈಗ ನೆಲದಡಿಯ ಟ್ಯಾಂಕಿಗೆ ಇದನ್ನೇ ಹಾಕುತ್ತಿದ್ದೇನೆ. ಆಳ ಮೂರು ಮೀಟರ್, ಅಂದರೆ 220 ಮಿ.ಮೀ. ಪಾದರಸ, ಪಂಪಿಗೂ ಸೆನ್ಸರ್‌ಗೂ ಅದು ಹೆಚ್ಚಲ್ಲ. ತಳದಲ್ಲಿ ಕೆಸರು ಇರುವುದರಿಂದ ಪೈಪಿನ ತುದಿಯನ್ನು ಒಂದು ಗೇಣು ಮೇಲೆಯೇ ನಿಲ್ಲಿಸಿದ್ದೇನೆ. ಬೇರೆ ಸೊಸೈಟಿಯವರಿಗೆ ಟ್ಯಾಂಕಿಗೆ ಆರು ಸಾವಿರ ಹೇಳಿದ್ದೇನೆ, ಅದರಲ್ಲಿ ಅರ್ಧ ಹಣವನ್ನು ಒಂದು ಮಳೆಗಾಲ ದಾಟಿದ ಮೇಲೆ ಕೊಟ್ಟರೆ ಸಾಕು ಎಂದೂ ಹೇಳಿದ್ದೇನೆ.